ಎಳೆಗೂಸಿನ ಕಿವಿ ಮತ್ತು ಭರ್ತೃಹರಿಯ ಪ್ರಶ್ನೆ

ಮಗು ಹುಟ್ಟಿದ ಕೂಡಲೇ ಅದರ ಕಿವಿಯ ಬುಡದಲ್ಲಿ ಎರಡು ಕಲ್ಲುಗಳನ್ನು ಒಂದಕ್ಕೊಂದು ಬಡಿದು ಸದ್ದು ಮಾಡಬೇಕೆಂದು ಚರಕಸಂಹಿತೆಯ ಶಾರೀರಸ್ಥಾನ ವಿಧಿಸುತ್ತದೆ. ಹೆರಿಗೆಯಲ್ಲಿ ಬಳಲಿದ ಪ್ರಾಣ ಆ ಸದ್ದಿಗೆ ಚೇತರಿಸಿಕೊಳ್ಳಲಿ ಎಂಬುದು ಅದರ ಉದ್ದೇಶ; ಕೇಳುವ ಶಕ್ತಿಯನ್ನು ಅಳೆಯುವುದಲ್ಲ. ಆದರೂ ಲೋಕಕ್ಕೆ ಬಂದ ಜೀವಕ್ಕೆ ಸಲ್ಲುವ ಮೊದಲ ಉಪಚಾರಗಳಲ್ಲೊಂದು ಕಿವಿಯ ಮೂಲಕವೇ ನಡೆಯುತ್ತದೆ. ಆಮೇಲೆ ನಾಮಕರಣದ ದಿನ ತೊಟ್ಟಿಲ ಕೂಸಿನ ಕಿವಿಯಲ್ಲಿ ಹೆಸರು ಉಸುರುತ್ತಾರೆ. ಮುಸ್ಲಿಂ ಮನೆಗಳಲ್ಲಿ ನವಜಾತ ಶಿಶುವಿನ ಬಲಗಿವಿಯಲ್ಲಿ ಆಜಾನ್ ಹೇಳುತ್ತಾರೆ. ಉಪನಯನದಲ್ಲಾಗಲಿ ಲಿಂಗದೀಕ್ಷೆಯಲ್ಲಾಗಲಿ ಗುರು ಮಂತ್ರವನ್ನು ಕೊಡುವುದು ಕಿವಿಗೇ. ಅಭಿಮನ್ಯುವಂತೂ ಹುಟ್ಟುವ ಮೊದಲೇ, ಸುಭದ್ರೆಯ ಗರ್ಭದಲ್ಲಿದ್ದುಕೊಂಡು ಚಕ್ರವ್ಯೂಹದ ಕಥೆ ಕೇಳಿಸಿಕೊಂಡವನು.

ಇಷ್ಟೆಲ್ಲವೂ ಕಿವಿಯ ಹಾದಿಯಲ್ಲೇ ಬರುವ ಲೋಕದಲ್ಲಿ, ಕೇಳಿಸದ ಮಗು ಎಲ್ಲಿ ನಿಲ್ಲುತ್ತದೆ?

ಹಳೆಯ ಶಾಸ್ತ್ರಗಳು ಕೊಟ್ಟ ಉತ್ತರ ಕಠೋರವಾದದ್ದು. ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯ ಹುಟ್ಟುಕುರುಡರನ್ನು, ಹುಟ್ಟುಕಿವುಡರನ್ನು, ಮೂಕರನ್ನು ಆಸ್ತಿಯ ಪಾಲಿನಿಂದ ಹೊರಗಿಟ್ಟು, ಅನ್ನ ಬಟ್ಟೆ ಕೊಟ್ಟು ಸಾಕುವ ಹೊಣೆಯನ್ನಷ್ಟೇ ದಾಯಾದಿಗಳಿಗೆ ವಹಿಸುತ್ತದೆ. ಯೆಹೂದ್ಯರ ತಾಲ್ಮುದ್ ಕಿವುಡಮೂಕನನ್ನು ಬುದ್ಧಿ ಕೆಟ್ಟವನ ಮತ್ತು ಅಪ್ರಾಪ್ತ ಬಾಲಕನ ಸಾಲಿಗೆ ಸೇರಿಸಿತು. ಕಲಿಕೆಗೆ ಶ್ರವಣವೇ ಹೆಚ್ಚು ನೆರವಾಗುವುದರಿಂದ ಹುಟ್ಟುಕುರುಡರು ಕಿವುಡಮೂಕರಿಗಿಂತ ಜಾಣರಾಗಿರುತ್ತಾರೆಂದು ಅರಿಸ್ಟಾಟಲ್ ಬರೆದ. ಭಾರತದಲ್ಲಿ 1928ರ ಕಾಯಿದೆಯೊಂದು ಆಸ್ತಿಯ ಈ ಅನರ್ಹತೆಯನ್ನು ಬಹುಮಟ್ಟಿಗೆ ತೆಗೆಯಿತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ರೋಗ ಅಥವಾ ಅಂಗವೈಕಲ್ಯದ ಕಾರಣಕ್ಕೆ ಯಾರನ್ನೂ ಪಾಲಿನಿಂದ ಹೊರಗಿಡಬಾರದೆಂದು ಸ್ಪಷ್ಟವಾಗಿ ಹೇಳಿತು. ಆದರೆ ಕಾನೂನು ಬದಲಾದಷ್ಟು ಬೇಗ ಮನಸ್ಸಿನೊಳಗಿನ ಎಣಿಕೆ ಬದಲಾಗುವುದಿಲ್ಲ. ಶಾಸ್ತ್ರಕಾರರ ಕಣ್ಣಿಗೆ ಬಿದ್ದದ್ದು ಯಾವ ಭಾಷೆಯೂ ದಕ್ಕದೆ ಬೆಳೆದುಬಿಟ್ಟ ದೊಡ್ಡವರು. ಬಾಲ್ಯದಲ್ಲಿ ನುಡಿ ತಪ್ಪಿದ್ದರಿಂದ ಆದ ನಷ್ಟವನ್ನು ಅವರು ಹುಟ್ಟುಗುಣವೆಂದು ಓದಿಕೊಂಡರು. ಹದಿನಾರನೆಯ ಶತಮಾನದ ಸ್ಪೇನಿನಲ್ಲಿ ಪೆದ್ರೊ ಪೋನ್ಸೆ ಡಿ ಲಿಯೋನ್ ಎಂಬ ಬೆನೆಡಿಕ್ಟೈನ್ ಸಂನ್ಯಾಸಿ ಓನ್ಯಾದ ಮಠದಲ್ಲಿ ಶ್ರೀಮಂತ ಮನೆತನವೊಂದರ ಕಿವುಡ ಹುಡುಗರಿಗೆ ಓದು ಬರಹ ಕಲಿಸಿದಾಗಲೇ ಈ ಎಣಿಕೆ ತಪ್ಪೆಂದು ತಿಳಿಯಬೇಕಿತ್ತು.

ನುಡಿ ಮತ್ತು ಅರಿವಿನ ನಂಟನ್ನು ಭಾರತದಲ್ಲಿ ಎಲ್ಲರಿಗಿಂತ ಆಳವಾಗಿ ಕೆದಕಿದವನು ವಾಕ್ಯಪದೀಯದ ಭರ್ತೃಹರಿ. ಸುಮಾರು ಐದನೆಯ ಶತಮಾನದ ಈ ವೈಯಾಕರಣನ ಪ್ರಕಾರ ನುಡಿಯೊಂದಿಗೆ ಹೆಣೆದುಕೊಳ್ಳದ ಅರಿವೇ ಲೋಕದಲ್ಲಿಲ್ಲ. ಅವನು ಎಳೆಗೂಸನ್ನೂ ಮರೆಯುವುದಿಲ್ಲ: ಏನು ಮಾಡಬೇಕೆಂಬ ತಿಳಿವಳಿಕೆ ಮಗುವಿಗೂ ಮೊಳೆಯುವುದು, ಹಿಂದಿನಿಂದ ಹೊತ್ತು ತಂದ ನುಡಿಯ ಸಂಸ್ಕಾರದಿಂದಲೇ ಎನ್ನುತ್ತಾನೆ. ಮೇಲ್ನೋಟಕ್ಕೆ ಇದು ಕಿವುಡ ಮಗುವಿನ ಪಾಲಿಗೆ ಮರಣಶಾಸನದಂತೆ ಕಾಣುತ್ತದೆ. ನುಡಿಯಿಲ್ಲದೆ ಅರಿವಿಲ್ಲ, ಕಿವಿಯಿಲ್ಲದೆ ನುಡಿಯಿಲ್ಲ, ಅಲ್ಲಿಗೆ ಮುಗಿಯಿತು ಎಂಬಂತೆ. ಆದರೆ ಎರಡನೆಯ ಮಾತನ್ನು ಭರ್ತೃಹರಿ ಹೇಳಿಲ್ಲ. ಅವನಿಗೆ ಗಾಳಿಯಲ್ಲಿ ಬರುವ ಧ್ವನಿ ಬೇರೆ, ಆ ಧ್ವನಿ ಬೆಳಗಿ ತೋರುವ ನುಡಿಯ ತಿರುಳು, ಅಂದರೆ ಸ್ಫೋಟ, ಬೇರೆ. ಒಬ್ಬ ಅವಸರದಲ್ಲಿ ಹೇಳಲಿ, ಇನ್ನೊಬ್ಬ ಎಳೆದೆಳೆದು ಹೇಳಲಿ, ಧ್ವನಿ ಬದಲಾಗುತ್ತದೆ, ಸ್ಫೋಟ ಬದಲಾಗದು. ಇದು ಸನ್ನೆಭಾಷೆಗಾಗಿ ಕಟ್ಟಿದ ಸಿದ್ಧಾಂತವಲ್ಲ. ಆದರೂ ನುಡಿಯ ತಿರುಳನ್ನು ಸದ್ದಿನಿಂದ ಬೇರ್ಪಡಿಸಿದ ಮೇಲೆ, ಅದನ್ನು ಬೆಳಗಿಸುವ ಕೆಲಸ ಕೈಯಿಂದಲೂ ಆಗಬಹುದಲ್ಲ ಎಂಬ ದಾರಿ ತಾನಾಗಿಯೇ ತೆರೆದುಕೊಳ್ಳುತ್ತದೆ. ಗ್ರೀಸಿನಲ್ಲಿ ಪ್ಲೇಟೋ ತನ್ನ ಕ್ರಾಟಿಲಸ್ ಸಂವಾದದಲ್ಲಿ ಸಾಕ್ರಟೀಸನ ಬಾಯಲ್ಲಿ ಇದಕ್ಕೆ ಹತ್ತಿರದ ಮಾತೊಂದನ್ನು ಆಡಿಸಿದ್ದಾನೆ: ನಮಗೆ ದನಿ, ನಾಲಿಗೆ ಇಲ್ಲದಿದ್ದರೆ ಮೂಕರಂತೆ ಕೈಯಿಂದಲೇ ತಿಳಿಸುತ್ತಿದ್ದೆವಲ್ಲವೇ ಎಂದು.

1991ರಲ್ಲಿ ಕೆನಡಾದ ಮಾಂಟ್ರಿಯಲ್‌ನಿಂದ ಲಾರಾ ಆ್ಯನ್ ಪೆಟಿಟೊ ಮತ್ತು ಪೌಲಾ ಮಾರೆಂಟೆಟ್ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನವನ್ನು ಓದಿದ್ದರೆ ಭರ್ತೃಹರಿ ಹಿಗ್ಗುತ್ತಿದ್ದ. ಕೇಳಿಸುವ ಕೂಸುಗಳು ಆರೇಳು ತಿಂಗಳ ಮೇಲೆ ‘ಬಾಬಾ, ದಾದಾ’ ಎಂದು ತೊದಲುವುದು ಎಲ್ಲರಿಗೂ ಗೊತ್ತು. ಸನ್ನೆಭಾಷೆಯಾಡುವ ಕಿವುಡ ತಂದೆತಾಯಿಯ ಕಿವುಡ ಕೂಸುಗಳು ಅದೇ ಹೊತ್ತಿನಲ್ಲಿ ಬೆರಳಿನಿಂದ ತೊದಲುತ್ತವೆ ಎಂಬುದನ್ನು ಅವರು ತೋರಿಸಿದರು. ಅರ್ಥವಿಲ್ಲದ, ಆದರೆ ಭಾಷೆಯ ಲಯವುಳ್ಳ ಕೈಚಲನೆ ಅದು. ಎಳೆಯ ಮಿದುಳು ಹಸಿದು ಕಾಯುವುದು ನುಡಿಗಾಗಿ. ಅದು ಸದ್ದಾಗಿಯೇ ಬರಲೆಂಬ ಹಟ ಅದಕ್ಕಿಲ್ಲ.

ಆ ಕಾಯುವಿಕೆಗೆ ಗಡುವಿದೆ ಎಂಬುದೇ ಇಲ್ಲಿನ ಧರ್ಮಸಂಕಟದ ಮೂಲ. ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಕಿವುಡ ಮಕ್ಕಳು ಹುಟ್ಟುವುದು ಕೇಳಿಸುವ ತಂದೆತಾಯಿಗೆ. ಅವರ ಮನೆಯಲ್ಲಿ ಸನ್ನೆಭಾಷೆಯಿಲ್ಲ, ಮಗುವಿಗೆ ಕೇಳಿಸುವುದಿಲ್ಲವೆಂಬ ಸುಳಿವೂ ಇಲ್ಲ. ಕಿವುಡ ಕೂಸು ಮೊದಲ ತಿಂಗಳುಗಳಲ್ಲಿ ಉಳಿದ ಕೂಸುಗಳಂತೆಯೇ ಅಳುತ್ತದೆ, ನಗುತ್ತದೆ, ಗೂ ಗೂ ಎನ್ನುತ್ತದೆ. ತಟ್ಟೆ ಬಡಿದರೆ ತಿರುಗಿ ನೋಡುವುದೂ ಉಂಟು. ಬಡಿದ ತಟ್ಟೆಯ ಕಂಪನ ಮಂಚಕ್ಕೆ ತಾಕಿರುತ್ತದೆ, ಗೋಡೆಯ ಮೇಲೆ ಕೈಯ ನೆರಳು ಸರಿದಿರುತ್ತದೆ, ಬಾಗಿಲು ತೆರೆದಾಗ ಗಾಳಿ ಬೀಸಿರುತ್ತದೆ. ಮನೆಯವರು ನಿಟ್ಟುಸಿರು ಬಿಟ್ಟು ಸುಮ್ಮನಾಗುತ್ತಾರೆ. ವರ್ಷ ಕಳೆದರೂ ಮಾತು ಬಾರದಿದ್ದರೆ ಸಮಾಧಾನದ ಮಾತುಗಳು ಶುರುವಾಗುತ್ತವೆ: ಗಂಡುಮಕ್ಕಳಿಗೆ ಮಾತು ತಡ, ಅವನಪ್ಪನಿಗೂ ಮೂರು ವರ್ಷಕ್ಕೇ ಬಂದದ್ದು, ನಾಲಿಗೆ ದಪ್ಪ ಇದೆ, ಬಜೆ ತೇಯ್ದು ಸವರಿ, ದೇವರಿಗೆ ಹರಕೆ ಹೇಳಿಕೊಳ್ಳಿ. ಇವೆಲ್ಲ ಪ್ರೀತಿಯಿಂದ ಹೇಳುವ ಮಾತುಗಳೇ. ಆದರೆ ಕಳೆದುಹೋಗುವುದು ಮಗುವಿನ ತಿಂಗಳುಗಳು.

ಆ ತಿಂಗಳುಗಳಲ್ಲಿ ಏನು ಕಳೆಯುತ್ತದೆ ಎಂಬುದನ್ನು ವೇದವಾಕ್ಯಗಳ ಅರ್ಥವನ್ನು ವಿಚಾರಿಸಿದ ಮೀಮಾಂಸಕರಿಂದ ತಿಳಿಯಬಹುದು. ಮಗು ನುಡಿಯನ್ನು ಹೇಗೆ ಕಲಿಯುತ್ತದೆಂದು ಅವರು ಕೊಡುವ ಉದಾಹರಣೆ ಪ್ರಸಿದ್ಧ. ಹಿರಿಯನೊಬ್ಬ ಇನ್ನೊಬ್ಬನಿಗೆ ಹಸುವನ್ನು ತರಲು ಹೇಳುತ್ತಾನೆ, ಅವನು ತರುತ್ತಾನೆ. ಬಳಿಕ ಹಸುವನ್ನು ಕಟ್ಟಿ ಕುದುರೆಯನ್ನು ತರಲು ಹೇಳುತ್ತಾನೆ. ಪಕ್ಕದಲ್ಲಿ ಕೂತ ಮಗು ಎರಡನ್ನೂ ಕೇಳಿ, ನೋಡಿ, ಯಾವ ಪದ ಹೋಗಿ ಯಾವುದು ಬಂದಿತೆಂದು ತಾಳೆ ಹಾಕಿ ಅರ್ಥ ಹಿಡಿಯುತ್ತದೆ. ಗಮನಿಸಿ, ಯಾರೂ ಮಗುವಿಗೆ ಪಾಠ ಹೇಳುತ್ತಿಲ್ಲ. ಅದು ಕಲಿಯುವುದು ತನಗಲ್ಲದ ಮಾತನ್ನು ಕೇಳಿಸಿಕೊಂಡು. ಪೂರ್ತಿ ಕಿವುಡಲ್ಲದ, ಅರೆಬರೆ ಕೇಳಿಸುವ ಮಗು ಮೊದಲು ಕಳೆದುಕೊಳ್ಳುವುದು ಇದನ್ನೇ. ತೊಡೆಯ ಮೇಲಿರುವಾಗ ಅಮ್ಮನ ಮಾತು ಕೇಳಿಸುತ್ತದೆ, ಕರೆದರೆ ಓಗೊಡುತ್ತದೆ, ಹಾಗಾಗಿ ಯಾರಿಗೂ ಅನುಮಾನ ಬರುವುದಿಲ್ಲ; ಆದರೆ ಜಗಲಿಯಲ್ಲಿ ಅಜ್ಜ ಮತ್ತು ನೆರೆಯವರು ಆಡುವ ಮಾತು ಅದಕ್ಕೆ ಬರಿಯ ಗುಜುಗುಜು. ಶಾಲೆಗೆ ಹೋದ ಮೇಲೆ ಇಂಥ ಮಗುವಿಗೆ ‘ದಡ್ಡ’, ‘ಹೇಳಿದ ಮಾತು ಕೇಳದವನು’ ಎಂಬ ಹೆಸರು ಬರುತ್ತದೆ.

ಕೇಳಿಸುತ್ತದೆಯೇ ಎಂದು ಮಗುವನ್ನೇ ಕೇಳಿ ತಿಳಿಯುವಂತಿಲ್ಲವಾದ್ದರಿಂದ ಶಿಶುಗಳ ಶ್ರವಣ ಪರೀಕ್ಷೆಯ ಇತಿಹಾಸ ಬಹುಕಾಲ ತಡವರಿಸಿತು. 1960ರ ದಶಕದಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ಮೇರಿಯನ್ ಡೌನ್ಸ್ ಎಂಬ ಶ್ರವಣತಜ್ಞೆ ನವಜಾತ ಶಿಶುಗಳ ಬಳಿ ಜೋರು ಸದ್ದು ಮಾಡಿ ಅವು ಬೆಚ್ಚುವುದನ್ನು ಗುರುತಿಸುವ ಕಾರ್ಯಕ್ರಮ ಆರಂಭಿಸಿದರು. ಕಣ್ಣಂದಾಜನ್ನು ನಂಬಿ ತೀರ್ಮಾನಿಸುವಂತಿಲ್ಲವೆಂದು ಗೊತ್ತಾದರೂ ಅವರು ಪಟ್ಟು ಬಿಡಲಿಲ್ಲ. 1969ರಲ್ಲಿ ಶಿಶುಶ್ರವಣದ ಜಂಟಿ ಸಮಿತಿ ರೂಪುಗೊಂಡದ್ದು ಅವರ ಒತ್ತಾಯದಿಂದಲೇ. ದಾರಿ ತೆರೆದದ್ದು 1978ರಲ್ಲಿ. ಲಂಡನ್ನಿನ ಡೇವಿಡ್ ಕೆಂಪ್, ಒಳಗಿವಿ ಸದ್ದನ್ನು ಬರಿದೇ ಸ್ವೀಕರಿಸುವುದಿಲ್ಲ, ಉತ್ತರವಾಗಿ ತಾನೂ ಅತಿ ಸಣ್ಣ ಸದ್ದೊಂದನ್ನು ಹೊರಡಿಸುತ್ತದೆ ಎಂದು ಅಳೆದು ತೋರಿಸಿದ. ಕೇಳುವುದೆಂದರೆ ತೆಪ್ಪಗೆ ತುಂಬಿಸಿಕೊಳ್ಳುವುದು ಎಂದು ನಂಬಿದವರಿಗೆ ಇದು ನಿಜಕ್ಕೂ ಬೆರಗಿನ ಸಂಗತಿ. ಇಂದಿನ ಓಎಇ ಪರೀಕ್ಷೆ ನಿಂತಿರುವುದು ಇದರ ಮೇಲೆ. ನಿದ್ದೆಯಲ್ಲಿರುವ ಕೂಸಿನ ಕಿವಿಗೆ ಮೆತ್ತನೆಯ ಪುಟ್ಟ ತುದಿಯಿಟ್ಟು ಸದ್ದು ಕಳಿಸಿದರೆ ಕೆಲವೇ ನಿಮಿಷದಲ್ಲಿ ಒಳಗಿವಿಯ ಮರುದನಿ ಯಂತ್ರಕ್ಕೆ ಸಿಗುತ್ತದೆ. ನೋವಿಲ್ಲ, ಚುಚ್ಚುವುದಿಲ್ಲ. ಮರುದನಿ ಸಿಗದಿದ್ದರೆ ಮಗು ಕಿವುಡೆಂದೇ ಅರ್ಥವಲ್ಲ. ಹೆರಿಗೆಯ ಕೊಳೆ ಕಿವಿಯಲ್ಲಿ ಉಳಿದಿದ್ದರೂ ಹಾಗಾಗುತ್ತದೆ, ಮತ್ತೆ ಪರೀಕ್ಷಿಸಬೇಕು. ಮರುದನಿ ಸಿಕ್ಕರೂ ಎಲ್ಲವೂ ಸರಿಯೆಂದಲ್ಲ. ಕೆಲವು ಮಕ್ಕಳಲ್ಲಿ ಒಳಗಿವಿ ಸರಿಯಿದ್ದು ನರದ ಹಾದಿಯಲ್ಲಿ ತೊಡಕಿರುತ್ತದೆ. ಹಾಗಾಗಿ ತೀವ್ರ ಕಾಮಾಲೆ ಆದ, ಐಸಿಯುನಲ್ಲಿ ದಿನಗಟ್ಟಲೆ ಇದ್ದ ಕೂಸುಗಳಿಗೆ ಬೆರಾ ಎಂದು ಕರೆಯುವ ಪರೀಕ್ಷೆಯೇ ಬೇಕು. ಸದ್ದಿಗೆ ಮಿದುಳಿನ ಕಾಂಡ ತೋರುವ ವಿದ್ಯುತ್ ಸ್ಪಂದನವನ್ನು ಅದು ನೆತ್ತಿಯ ಮೇಲಿನಿಂದ ಅಳೆಯುತ್ತದೆ.

ಒಂದು ತಿಂಗಳೊಳಗೆ ಮೊದಲ ಪರೀಕ್ಷೆ, ಮೂರು ತಿಂಗಳೊಳಗೆ ಖಚಿತ ನಿರ್ಣಯ, ಆರು ತಿಂಗಳೊಳಗೆ ನೆರವು ಎಂಬುದು ತಜ್ಞರು ಒಪ್ಪಿದ ಸೂತ್ರ. 1998ರಲ್ಲಿ ಕೊಲರಾಡೊದ ಕ್ರಿಸ್ಟೀನ್ ಯೋಶಿನಾಗ-ಇಟಾನೊ ಮತ್ತು ಸಂಗಡಿಗರು, ಆರು ತಿಂಗಳೊಳಗೆ ಶ್ರವಣದೋಷ ಪತ್ತೆಯಾದ ಮಕ್ಕಳ ಭಾಷೆ ತಡವಾಗಿ ಪತ್ತೆಯಾದವರಿಗಿಂತ ಸ್ಪಷ್ಟವಾಗಿ ಮುಂದಿತ್ತೆಂದು ತೋರಿಸಿದರು. ಆ ಮಕ್ಕಳ ಕುಟುಂಬಗಳಲ್ಲಿ ಕೆಲವು ಮಾತನ್ನು, ಕೆಲವು ಸನ್ನೆಯನ್ನು ಆರಿಸಿಕೊಂಡಿದ್ದವು. ಎರಡು ಬಗೆಯವರಲ್ಲೂ ಬೇಗ ತಿಳಿದವರದೇ ಮೇಲುಗೈ.

ಪತ್ತೆಯಾದ ದಿನ ಮನೆಯಲ್ಲಿ ಏಳುವ ಮೊದಲ ಪ್ರಶ್ನೆ ಮಾತ್ರ ವೈದ್ಯಕೀಯದ್ದಾಗಿರುವುದಿಲ್ಲ. ‘ನಾವೇನು ಪಾಪ ಮಾಡಿದ್ದೆವು?’ ಬಹುಪಾಲು ಆ ಪಾಪದ ಹೊರೆ ತಾಯಿಯ ತಲೆಗೇ ಬರುತ್ತದೆ. ಯೋಹಾನನ ಸುವಾರ್ತೆಯಲ್ಲಿ ಶಿಷ್ಯರು ಹುಟ್ಟುಕುರುಡನೊಬ್ಬನನ್ನು ತೋರಿಸಿ, ಪಾಪ ಇವನದೋ ತಂದೆತಾಯಿಯದೋ ಎಂದು ಕೇಳಿದಾಗ ಯೇಸು ಎರಡನ್ನೂ ಅಲ್ಲಗಳೆಯುತ್ತಾನೆ. ಸಂಯುತ್ತನಿಕಾಯದಲ್ಲಿ ಸೀವಕನೆಂಬ ಪರಿವ್ರಾಜಕ, ಮನುಷ್ಯ ಅನುಭವಿಸುವುದೆಲ್ಲ ಹಿಂದಿನ ಕರ್ಮದ ಫಲವೇ ಎಂದು ಬುದ್ಧನನ್ನು ಕೇಳುತ್ತಾನೆ. ಪಿತ್ತ, ಕಫ, ವಾತ, ಋತುವಿನ ಬದಲಾವಣೆ, ಅವಘಡ ಇವೂ ಕಾರಣಗಳೇ, ಎಲ್ಲವನ್ನೂ ಕರ್ಮಕ್ಕೆ ಕಟ್ಟುವವರು ಲೋಕಕ್ಕೆ ಗೊತ್ತಿರುವುದನ್ನೇ ದಾಟಿ ಹೋಗುತ್ತಾರೆ ಎಂಬುದು ಬುದ್ಧನ ಉತ್ತರ. ಕರ್ಮವನ್ನು ಒಪ್ಪುವ ಚರಕನೂ ಅದನ್ನೇ ನೆಚ್ಚಿ ಕೈಕಟ್ಟುವುದಿಲ್ಲ. ಗರ್ಭಸ್ಥ ಶಿಶುವಿನ ಇಂದ್ರಿಯಗಳು ಕೆಡಲು ಬೀಜದೋಷ, ಗರ್ಭಾಶಯದ ದೋಷ, ಕಾಲ ಇವನ್ನೆಲ್ಲ ಕರ್ಮದ ಜೊತೆಗೇ ಎಣಿಸುತ್ತಾನೆ. ದುರ್ಬಲವಾದ ದೈವವನ್ನು ಪ್ರಬಲವಾದ ಪುರುಷಪ್ರಯತ್ನ ಸೋಲಿಸುತ್ತದೆ ಎನ್ನುತ್ತಾನೆ. ಹಾಗಿರುವಾಗ ಕರ್ಮದ ಹೆಸರಿನಲ್ಲಿ ಪರೀಕ್ಷೆಯನ್ನು ಮುಂದೂಡುವುದು ಆ ಪರಂಪರೆಗೇ ಮಾಡುವ ದ್ರೋಹ.

ಇಂದು ತಿಳಿದಿರುವ ಕಾರಣಗಳು ಎಷ್ಟು ಲೌಕಿಕವೆಂದರೆ ಅವುಗಳ ಎದುರು ಪಾಪಪ್ರಜ್ಞೆ ನಿಲ್ಲಬಾರದು. ವಂಶವಾಹಿಯ ದೋಷವೊಂದು ತಂದೆತಾಯಿ ಇಬ್ಬರಲ್ಲೂ ಅಡಗಿದ್ದು ಮಗುವಿನಲ್ಲಿ ಕೂಡಿಕೊಳ್ಳುತ್ತದೆ. ಸೋದರಮಾವನೊಂದಿಗೆ, ಅತ್ತೆಯ ಮಗನೊಂದಿಗೆ ಮದುವೆಯಾಗುವ ರೂಢಿಯಿರುವ ಕಡೆ ಈ ಸಾಧ್ಯತೆ ಹೆಚ್ಚು. ಗರ್ಭಿಣಿಗೆ ಮೊದಲ ತಿಂಗಳುಗಳಲ್ಲಿ ತಗಲಿದ ರುಬೆಲ್ಲಾ ಸೋಂಕು, ಮೈಮೇಲೆ ಎರಡು ದಿನದ ಗುಳ್ಳೆಯಾಗಿ ಬಂದು ಹೋದದ್ದು, ಹೊಟ್ಟೆಯೊಳಗಿನ ಕಿವಿಯನ್ನು ಕೆಡಿಸಿಬಿಡುತ್ತದೆ. ಅದಕ್ಕೆ ಲಸಿಕೆಯಿದೆ, ದಡಾರ-ರುಬೆಲ್ಲಾ ಲಸಿಕಾ ಅಭಿಯಾನ 2017ರಲ್ಲಿ ಮೊದಲು ಆರಂಭವಾದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಬಾಲ್ಯದ ಶ್ರವಣದೋಷಗಳಲ್ಲಿ ಸುಮಾರು ಶೇ 60ರಷ್ಟನ್ನು ತಡೆಯಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ.

ವ್ಯವಸ್ಥೆ ಇಲ್ಲವೆಂದಲ್ಲ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಹುಟ್ಟುಕಿವುಡನ್ನು ತಪಾಸಣೆಯ ಪಟ್ಟಿಯಲ್ಲಿ ಇಟ್ಟಿದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1960ರ ದಶಕದಿಂದ ಈ ಕೆಲಸದಲ್ಲಿದೆ. ಅಲ್ಲಿನ ಶಿಶುವಿಹಾರದಲ್ಲಿ ಮಕ್ಕಳ ಜೊತೆ ತಾಯಂದಿರೂ ಕಲಿಯುತ್ತಾರೆ. ಹಿಯರಿಂಗ್ ಏಡ್‌ಗೆ, ಶಸ್ತ್ರಚಿಕಿತ್ಸೆಯಿಂದ ಒಳಗಿವಿಗೆ ಅಳವಡಿಸುವ ಕಾಕ್ಲಿಯರ್ ಇಂಪ್ಲಾಂಟ್‌ಗೆ ಸರ್ಕಾರದ ನೆರವೂ ಇದೆ. ಆದರೆ ತಾಲ್ಲೂಕು ಆಸ್ಪತ್ರೆಯಲ್ಲಿ ಹೆರಿಗೆಯಾಗಿ ಮೂರನೆಯ ದಿನ ಮನೆಗೆ ಹೋದ ಕೂಸಿಗೆ ಯಂತ್ರವೂ ತಜ್ಞರೂ ಒಟ್ಟಿಗೆ ಸಿಗುವುದು ಇನ್ನೂ ಊರಿನ ಮೇಲೆ ನಿಂತಿದೆ. ಮರುಪರೀಕ್ಷೆಗೆ ಮತ್ತೊಂದು ದಿನದ ಕೂಲಿ ಬಿಟ್ಟು, ಬಸ್ಸು ಹಿಡಿದು ಬರಬೇಕಾದ ತಾಯಿ ಬರದೇ ಹೋದರೆ ತಪ್ಪನ್ನು ಅವಳ ಅಜ್ಞಾನದ ಮೇಲೆ ಹೊರಿಸುವುದು ಅನ್ಯಾಯ.

ಪರೀಕ್ಷೆಯ ಬಗ್ಗೆ ಕಿವುಡ ಸಮುದಾಯದಿಂದಲೇ ಬರುವ ಆಕ್ಷೇಪವೊಂದಿದೆ, ಅದನ್ನು ಗೌರವದಿಂದ ಕೇಳಬೇಕು. ಮಗುವನ್ನು ‘ಸರಿಪಡಿಸುವ’ ಆತುರದಲ್ಲಿ ಸನ್ನೆಭಾಷೆಯನ್ನು ಮೂಲೆಗೆ ತಳ್ಳುತ್ತಾರೆ ಎಂಬುದು ಅವರ ನೋವು. ಅದಕ್ಕೆ ಚರಿತ್ರೆಯಿದೆ: 1880ರಲ್ಲಿ ಮಿಲಾನ್‌ನಲ್ಲಿ ಸೇರಿದ ಶಿಕ್ಷಕರ ಸಮ್ಮೇಳನ ಕಿವುಡ ಮಕ್ಕಳ ಕಲಿಕೆಯಲ್ಲಿ ಸನ್ನೆಗಿಂತ ಮಾತೇ ಮೇಲೆಂದು ನಿರ್ಣಯಿಸಿದ ಮೇಲೆ ಹಲವು ದೇಶಗಳ ಶಾಲೆಗಳಲ್ಲಿ ಮಕ್ಕಳ ಕೈ ಕಟ್ಟಿದಂತಾಯಿತು. ಇನ್ನೊಂದು ಚರಿತ್ರೆಯೂ ಇದೆ. 1970ರ ದಶಕದ ಕೊನೆಯಲ್ಲಿ ನಿಕರಾಗುವದ ಮನಾಗುವಾದಲ್ಲಿ ಮೊದಲ ಬಾರಿಗೆ ನೂರಾರು ಕಿವುಡ ಮಕ್ಕಳು ಶಾಲೆಯಲ್ಲಿ ಕೂಡಿದರು. ಶಿಕ್ಷಕರು ಸ್ಪ್ಯಾನಿಷ್ ಕಲಿಸಲು ಹೆಣಗುತ್ತಿದ್ದಾಗ ಮಕ್ಕಳು ಆಟದ ಬಯಲಿನಲ್ಲಿ, ಬಸ್ಸಿನಲ್ಲಿ ತಮ್ಮದೇ ಸನ್ನೆಭಾಷೆಯನ್ನು ಕಟ್ಟಿಕೊಂಡರು. ಅದಕ್ಕೆ ವ್ಯಾಕರಣದ ಕಸುವು ತಂದವರು ಬಹಳ ಎಳೆಯ ವಯಸ್ಸಿನಲ್ಲಿ ಬಂದು ಸೇರಿದ ಮಕ್ಕಳು; ಹದಿಹರೆಯ ದಾಟಿ ಬಂದವರಿಗೆ ಆ ಚುರುಕು ಪೂರ್ತಿ ಒಲಿಯಲಿಲ್ಲ. ಸನ್ನೆಯ ಪರ ವಾದಿಸುವವರಿಗೂ ಬೇಗ ತಿಳಿಯುವುದೇ ಆಸರೆಯೆಂದು ಇದರಿಂದ ಗೊತ್ತಾಗುತ್ತದೆ. ಯಂತ್ರದ ಫಲಿತಾಂಶ ಕೈಗೆ ಬಂದಾಗ ಇಂಪ್ಲಾಂಟ್‌ನ ವಿವರದ ಜೊತೆಗೇ ಭಾರತೀಯ ಸನ್ನೆಭಾಷೆ ಕಲಿಯುವ ವಿಳಾಸವನ್ನೂ ಆ ಮನೆಯವರಿಗೆ ಕೊಡಬೇಕು. ಶಸ್ತ್ರಚಿಕಿತ್ಸೆಗೆ ಕಾಯುವ ತಿಂಗಳುಗಳಲ್ಲಿ ಮಗು ನುಡಿಯಿಲ್ಲದೆ ಇರಬೇಕಾಗಿಲ್ಲ.

ಹುಟ್ಟಿದಾಗ ಪರೀಕ್ಷೆಯಲ್ಲಿ ಗೆದ್ದ ಮಕ್ಕಳನ್ನೂ ಮರೆಯುವಂತಿಲ್ಲ. ಮಿದುಳ್ಪೊರೆಯ ಉರಿಯೂತ, ಕೆಲವು ಔಷಧಗಳು, ಗರ್ಭದಲ್ಲೇ ತಗಲಿದ ಸೈಟೊಮೆಗಲೊವೈರಸ್ ಇವುಗಳಿಂದ ಶ್ರವಣ ಆಮೇಲೆ ಕುಗ್ಗಬಹುದು. ಪದೇ ಪದೇ ಕಿವಿ ಸೋರುವ ಮಗುವಿಗೆ ತರಗತಿಯ ಅರ್ಧ ಪಾಠ ಮಸುಕಾಗಬಹುದು. ಆರು ತಿಂಗಳಿಗೆ ಸದ್ದಿನತ್ತ ತಿರುಗದ, ವರ್ಷದ ಹೊತ್ತಿಗೆ ಹೆಸರು ಕರೆದರೆ ಓಗೊಡದ, ಎರಡು ವರ್ಷಕ್ಕೆ ಎರಡು ಪದ ಕೂಡಿಸಿ ಹೇಳದ ಮಗುವನ್ನು ಶ್ರವಣತಜ್ಞರ ಬಳಿ ಕರೆದೊಯ್ಯಬೇಕು. ‘ನನ್ನ ಮಗುವಿಗೆ ಕೇಳಿಸುತ್ತಿಲ್ಲ ಅನ್ನಿಸುತ್ತದೆ’ ಎಂದು ತಾಯಿ ಹೇಳಿದರೆ, ಮಗು ಆ ಹಿಂದೆ ಎಷ್ಟು ಪರೀಕ್ಷೆಗಳಲ್ಲಿ ಗೆದ್ದಿದ್ದರೂ, ಆ ಅನುಮಾನವೊಂದೇ ಮತ್ತೆ ಪರೀಕ್ಷಿಸಲು ಸಾಕಷ್ಟು ಕಾರಣವೆಂದು ಶ್ರವಣಶಾಸ್ತ್ರ ಒಪ್ಪುತ್ತದೆ.