ಕಾಫಿ ಅಂಗಡಿಯೂ ಸೇವಾಧರ್ಮವೂ



ಈ ತಿಂಗಳ ಧ್ಯಾನಕ್ಕಾಗಿ ಯೋಹಾನನ ಸುವಾರ್ತೆಯ ೪ನೆಯ ಅಧ್ಯಾಯವನ್ನು ನಾವು ಆರಿಸಿಕೊಂಡಿದ್ದೇವೆ. ಮನೆಯಲ್ಲಿ ಸತ್ಯವೇದವಿರುವವರು ಮೊದಲು ಅದನ್ನು ಓದಲಿ. ಓದಬಾರದ ಹಿರಿಯರಿಗೆ ಓದಬಲ್ಲ ಮಕ್ಕಳು ಓದಿ ಹೇಳಲಿ. ದಾರಿ ನಡೆದು ದಣಿದಿದ್ದ ಕರ್ತನು ಮಧ್ಯಾಹ್ನದ ಹೊತ್ತಿನಲ್ಲಿ ಸುಖರೆಂಬ ಊರಿನ ಬಾವಿಯ ಬಳಿಯಲ್ಲಿ ಕೂತುಕೊಂಡನು. ನೀರು ಸೇದುವದಕ್ಕೆ ಬಂದ ಸಮಾರ್ಯದ ಸ್ತ್ರೀಯನ್ನು ಕುಡಿಯುವದಕ್ಕೆ ನೀರು ಕೇಳಿದನು. ಆತನ ಬಳಿಯಲ್ಲಿ ಸೇದುವ ಪಾತ್ರೆ ಇರಲಿಲ್ಲ. ಕುಡಿಯಬೇಕಾದರೆ ಅವಳ ಕೊಡದ ನೀರನ್ನೇ ಕುಡಿಯಬೇಕಾಗಿತ್ತು. ಯೆಹೂದ್ಯರಿಗೂ ಸಮಾರ್ಯದವರಿಗೂ ಅಂಥಾ ಬಳಕೆ ಇರಲಿಲ್ಲವಾದ್ದರಿಂದ ಆ ಸ್ತ್ರೀಯು ಬೆರಗಾದಳು.

ಈ ಚರಿತ್ರೆಯಿಂದ ಜೀವಜಲದ ಉಪದೇಶವನ್ನು ನಾವೆಲ್ಲರೂ ಅನೇಕಾವರ್ತಿ ಕೇಳಿದ್ದೇವೆ. ಅದು ಮುಖ್ಯವಾದದ್ದೇ ಸರಿ. ಆದರೆ ಜೀವಜಲದ ಮಾತು ಹುಟ್ಟಿದ್ದು ಒಂದು ಕೊಡದ ವಿಷಯದಿಂದ. ಯಾರ ಪಾತ್ರೆಯಿಂದ ಯಾರು ಕುಡಿಯಬಹುದೆಂಬ ಆ ಹಳೆಯ ಪ್ರಶ್ನೆಯು ಸಮಾರ್ಯದಲ್ಲಿಯೇ ಮುಗಿದುಹೋಗಲಿಲ್ಲ. ನಮ್ಮ ಸೀಮೆಯಲ್ಲಿ ಅದು ಬಾವಿಕಟ್ಟೆಯಿಂದ ಎದ್ದು ಬಂದು ಕಾಫಿ ಅಂಗಡಿಯ ಬೆಂಚಿನ ಮೇಲೆ ಕೂತಿತು. ಆದಕಾರಣ ಈ ಸಾರಿ ಕಾಫಿ ಅಂಗಡಿಯ ಸೇವೆಯನ್ನು ಕುರಿತು ಮಾತಾಡುವದು ನಮಗೆ ಯುಕ್ತವೆಂದು ತೋರಿತು. ಪ್ರಸಂಗಕ್ಕೆ ಇದು ತಕ್ಕ ವಿಷಯವೋ ಎಂದು ಯಾರೂ ನಗಬಾರದು. ಮನುಷ್ಯನ ಭಕ್ತಿಯು ದೇವಾಲಯದಲ್ಲಿ ಹಾಡಿನ ಮೂಲಕ ತಿಳಿಯುವದಕ್ಕಿಂತ, ಗಲ್ಲಾಪೆಟ್ಟಿಗೆಯ ಬಳಿಯಲ್ಲಿ ಅವನ ಕೈಯ ಮೂಲಕ ಹೆಚ್ಚಾಗಿ ತಿಳಿಯುತ್ತದೆ.

ಮೊದಲು ಈ ಪಾನೀಯವು ಎಲ್ಲಿಂದ ಬಂತೆಂಬದನ್ನು ನೆನಸೋಣ. ೧೭ನೆಯ ಶತಮಾನದಲ್ಲಿ ಬಾಬಾ ಬುಡನ್ ಎಂಬ ಮುಸಲ್ಮಾನ ಸಾಧುವು ಮಕ್ಕಾಯಾತ್ರೆಯಿಂದ ಹಿಂದಿರುಗುವಾಗ ಯೆಮನ್ ದೇಶದಿಂದ ೭ ಬೀಜಗಳನ್ನು ತಂದು ಚಿಕ್ಕಮಗಳೂರಿನ ಬೆಟ್ಟದಲ್ಲಿ ನೆಟ್ಟನೆಂದು ಹಿಂದಿನಿಂದ ಹೇಳಿಕೊಂಡು ಬಂದಿದ್ದಾರೆ. ಆ ಬೆಟ್ಟವನ್ನು ಈಗಲೂ ಆತನ ಹೆಸರಿನಿಂದಲೇ ಕರೆಯುತ್ತಾರೆ. ಇಂದು ಭಾರತದಲ್ಲಿ ಬೆಳೆಯುವ ಕಾಫಿಯಲ್ಲಿ ನೂರಕ್ಕೆ ಸುಮಾರು ೭೦ ಪಾಲು ಕರ್ನಾಟಕದ್ದು. ಕೊಡಗು, ಚಿಕ್ಕಮಗಳೂರು, ಹಾಸನ ಈ ಮೂರು ಜಿಲ್ಲೆಗಳೇ ಅದರ ತವರು. ಹಣ್ಣಾದ ಕಾಫಿಯನ್ನು ಕೂಲಿಯಾಳುಗಳು ಗಿಡದಿಂದ ಕೈಯಾರೆ ಬಿಡಿಸುತ್ತಾರೆ. ಆ ಮೇಲೆ ಅದನ್ನು ಒಣಗಿಸಿ, ಸಿಪ್ಪೆ ತೆಗೆದು, ಆರಿಸಿ, ಹುರಿದು, ಪುಡಿಮಾಡುತ್ತಾರೆ. ಹಾಲು ಒಬ್ಬರ ಕೊಟ್ಟಿಗೆಯಿಂದ ಬರುತ್ತದೆ, ಸಕ್ಕರೆ ಮತ್ತೊಬ್ಬರ ಕಬ್ಬಿನ ಗದ್ದೆಯಿಂದ. ಹೀಗೆ ಒಂದು ಲೋಟ ಕಾಫಿಯಲ್ಲಿ ಎಷ್ಟೋ ಜಾತಿಗಳ, ಎಷ್ಟೋ ಮತಗಳ ಕೈಗಳು ಕೂಡಿರುತ್ತವೆ. ತೋಟದಲ್ಲಿ ಹಣ್ಣು ಬಿಡಿಸಿದವಳ ಬೆರಳನ್ನು ಒಪ್ಪಿಕೊಂಡವನು, ಅಂಗಡಿಯಲ್ಲಿ ಅವಳ ತುಟಿಯನ್ನು ತಳ್ಳುವದಕ್ಕೆ ಯಾವ ನ್ಯಾಯವುಂಟು?

೧. ಮುಖ ನೋಡಿ ಸೇವೆಮಾಡಬಾರದು

ಚಿನ್ನದ ಉಂಗುರ ಹಾಕಿಕೊಂಡು ಬಂದ ಐಶ್ವರ್ಯವಂತನಿಗೆ ಒಳ್ಳೇ ಸ್ಥಳವನ್ನೂ, ಕೊಳೆಯ ಬಟ್ಟೆ ತೊಟ್ಟುಕೊಂಡು ಬಂದ ಬಡವನಿಗೆ ಕಾಲ ಬಳಿಯ ಸ್ಥಳವನ್ನೂ ತೋರಿಸಿದ ಸಭೆಯವರನ್ನು ಯಾಕೋಬನು ತನ್ನ ಪತ್ರಿಕೆಯ ೨ನೆಯ ಅಧ್ಯಾಯದಲ್ಲಿ ಗದರಿಸುತ್ತಾನೆ. ನಮ್ಮ ಸಭೆಗಳವರಲ್ಲಿ ಕೆಲವರು ಈಗ ಬಸ್ಸಿನ ನಿಲ್ದಾಣದ ಬಳಿಯಲ್ಲಿ ಚಿಕ್ಕ ಅಂಗಡಿಗಳನ್ನು ಇಟ್ಟುಕೊಂಡು ಜೀವನಮಾಡುತ್ತಾರೆ. ಅವರಿಗೆ ನಾವು ಹೇಳುವದೇನಂದರೆ, ಈ ಮಾತು ನಿಮ್ಮ ಅಂಗಡಿಗೂ ಸಲ್ಲುತ್ತದೆ. ಸಂತೆಯ ದಿವಸ ತರಕಾರಿಯ ಬುಟ್ಟಿಯನ್ನು ಇಳಿಸಿ ಒಬ್ಬ ಮುದುಕಿಯು ಬಾಗಲಲ್ಲಿ ನಿಲ್ಲುತ್ತಾಳೆನ್ನಿರಿ. ಅವಳು ಮೊದಲು ಬಂದವಳು. ಅಷ್ಟರಲ್ಲಿ ಮೋಟಾರಿನಿಂದ ಒಬ್ಬ ಸಾಹುಕಾರನು ಇಳಿಯುತ್ತಾನೆ. ಮೊದಲನೆಯ ಲೋಟವು ಯಾರಿಗೆ ಹೋಗುತ್ತದೆ? ಅದರಲ್ಲಿ ನಿಮ್ಮ ಉಪದೇಶವೆಲ್ಲಾ ಅಡಗಿದೆ.

ಇಬ್ಬರು ಕೂಲಿಯವರು ಬಂದು ಒಂದು ಕಾಫಿಯನ್ನು ‘ಬೈ ಟು’ ಮಾಡಿಕೊಡಿರೆಂದು ಕೇಳುವದುಂಟು. ಕೆಲವು ಅಂಗಡಿಗಳಲ್ಲಿ ಈ ಮಾತಿಗೆ ಮುಖ ಸಿಂಡರಿಸುತ್ತಾರೆ. ಆದರೆ ಇದರಲ್ಲಿ ಕೀಳೇನುಂಟು? ಇದ್ದದ್ದನ್ನು ಹಂಚಿಕೊಂಡು ಕುಡಿಯುವ ಪದ್ಧತಿಯು ನಮ್ಮ ನಾಡಿನ ಒಳ್ಳೇ ಪದ್ಧತಿಗಳಲ್ಲಿ ಒಂದು. ಎರಡು ಲೋಟಗಳಿಗೂ ಸರಿಯಾಗಿ ಹೊಯ್ದು, ಎರಡನ್ನೂ ಬಿಸಿಯಾಗಿಯೇ ಕೊಟ್ಟು, ಒಳ್ಳೇ ಮಾತಾಡಿರಿ. ಮಮ್ರೆಯ ಮರಗಳ ಕೆಳಗೆ ಅಬ್ರಹಾಮನು ೯೯ ವರುಷದವನಾಗಿದ್ದರೂ ಗುರುತಿಲ್ಲದ ಮೂವರನ್ನು ಕಂಡು ಗುಡಾರದ ಬಾಗಲಿಂದ ಓಡಿ ಹೋಗಿ ಎದುರುಗೊಂಡನು. ಅವರು ಊಟಮಾಡುವ ತನಕ ಬಳಿಯಲ್ಲಿ ನಿಂತುಕೊಂಡನು. ಅವರು ಯಾರೆಂದು ವಿಚಾರಿಸಿ ಆ ಮೇಲೆ ನೀರು ಕೊಟ್ಟವನಲ್ಲ.

೨. ಪಾತ್ರೆಯಲ್ಲಿ ಭೇದ ಮಾಡಬಾರದು

ಪೂರ್ವದಲ್ಲಿ ನಮ್ಮ ಪಟ್ಟಣಗಳ ಅನೇಕ ಹೋಟೆಲುಗಳಲ್ಲಿ ಬ್ರಾಹ್ಮಣರಿಗೆಂದು ಬೇರೆ ಕೋಣೆಯಿತ್ತು. ಹಳ್ಳಿಗಳಲ್ಲಿಯೋ ನಮ್ಮಲ್ಲಿ ಅನೇಕರ ತಾತಮುತ್ತಾತಂದಿರು ಅಂಗಡಿಯ ಹೊರಗೆ ನಿಂತು, ತೆಂಗಿನ ಕರಟದಲ್ಲಿಯೋ ಸೂರಿನಲ್ಲಿ ಸಿಕ್ಕಿಸಿದ ಬೇರೆ ಲೋಟದಲ್ಲಿಯೋ ಮೇಲಿಂದ ಹೊಯ್ದದ್ದನ್ನು ಕುಡಿದು, ದುಡ್ಡನ್ನು ಕೊಟ್ಟು, ಆ ಲೋಟವನ್ನು ತಾವೇ ತೊಳೆದು ಇಡಬೇಕಾಗಿತ್ತು. ದುಡ್ಡು ಮಾತ್ರ ಮೈಲಿಗೆಯಾಗುತ್ತಿರಲಿಲ್ಲ!

ದೇಶದ ನ್ಯಾಯವು ಇದನ್ನು ತೆಗೆದುಹಾಕಿತು. ೧೯೫೦ನೆಯ ಇಸವಿ ಜನವರಿ ೨೬ರಿಂದ ಜಾರಿಗೆ ಬಂದ ಸಂವಿಧಾನದ ೧೭ನೆಯ ಅನುಚ್ಛೇದವು ಅಸ್ಪೃಶ್ಯತೆಯನ್ನು ರದ್ದುಮಾಡಿತು. ಅಂಗಡಿ ಹೋಟೆಲುಗಳಿಗೆ ಹೋಗುವದಕ್ಕೆ ಜಾತಿಮತಗಳ ಕಾರಣದಿಂದ ಯಾರನ್ನೂ ತಡೆಯಬಾರದೆಂದು ೧೫ನೆಯ ಅನುಚ್ಛೇದವು ವಿಧಿಸಿತು. ೧೯೫೫ರಲ್ಲಿ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಆಯಿತು. ೧೯೭೬ರಲ್ಲಿ ಅದನ್ನು ಬಿಗಿಮಾಡಿ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯಿದೆಯೆಂದು ಹೆಸರಿಟ್ಟರು. ಹೋಟೆಲಿನಲ್ಲಿ ಸರ್ವರಿಗೆಂದು ಇಟ್ಟ ಪಾತ್ರೆಗಳನ್ನು ಅಸ್ಪೃಶ್ಯತೆಯ ನೆವದಿಂದ ಒಬ್ಬನಿಗೆ ಕೊಡದಿರುವದು ಈ ಕಾಯಿದೆಯ ಪ್ರಕಾರ ಶಿಕ್ಷೆಗೆ ತಕ್ಕ ಅಪರಾಧವಾಗಿದೆ. ನಮ್ಮ ಜನರು ಇದನ್ನು ತಿಳುಕೊಂಡಿರಬೇಕು. ಒಬ್ಬರಿಗೆ ಉಕ್ಕಿನ ಲೋಟ, ಮತ್ತೊಬ್ಬರಿಗೆ ಜಾತಿ ನೋಡಿ ಕಾಗದದ ಲೋಟ ಕೊಡುವದಾದರೆ ಅದು ಹೊಸ ಬಟ್ಟೆ ತೊಟ್ಟ ಹಳೆಯ ಪಾಪವೇ ಹೊರತು ಬೇರೇನಲ್ಲ. ಎಲ್ಲರಿಗೂ ಕಾಗದದ್ದಾದರೆ ಎಲ್ಲರಿಗೂ ಅದೇ. ಉಕ್ಕಿನದಾದರೆ ಎಲ್ಲರಿಗೂ ಉಕ್ಕಿನದೇ ಆಗಿರಲಿ.

ಇಲ್ಲಿ ಒಬ್ಬ ಅಂಗಡಿಯವನು, “ಅಯ್ಯನವರೇ, ನೀವು ಹೇಳುವದು ಸರಿ. ಆದರೆ ಎಲ್ಲರಿಗೂ ಒಂದೇ ಲೋಟವಿಟ್ಟರೆ ಊರಿನ ದೊಡ್ಡವರು ನನ್ನ ಅಂಗಡಿಗೆ ಬರುವದಿಲ್ಲ. ಹಾಲಿನವನಿಗೆ ನಾನು ದುಡ್ಡು ಕೊಡುವದು ಹೇಗೆ? ಮಕ್ಕಳನ್ನು ಸಾಕುವದು ಹೇಗೆ?” ಎಂದು ಕೇಳಬಹುದು. ಇದು ಹಗುರವಾದ ಪ್ರಶ್ನೆಯಲ್ಲ. ನಷ್ಟವಾಗುವದಿಲ್ಲವೆಂದು ನಾವು ಮಾತುಕೊಡಲಾರೆವು. ಕೆಲವು ದಿವಸ ಬೆಂಚು ಬರಿದಾಗಿಯೇ ಇರಬಹುದು. ಆದರೆ ಅಂತಿಯೋಕ್ಯದಲ್ಲಿ ನಡೆದದ್ದನ್ನು ನೆನಸಿರಿ. ಅನ್ಯಜನರ ಸಂಗಡ ಒಂದೇ ಪಂಕ್ತಿಯಲ್ಲಿ ಊಟಮಾಡುತ್ತಿದ್ದ ಪೇತ್ರನು, ಯೆರೂಸಲೇಮಿನಿಂದ ಕೆಲವರು ಬಂದಾಗ ಅವರಿಗೆ ಹೆದರಿ ಹಿಂದೆಗೆದು ಬೇರೆಯಾದನು. ಪೌಲನು ಅಪೊಸ್ತಲನೆಂಬ ದಾಕ್ಷಿಣ್ಯ ನೋಡದೆ ಎಲ್ಲರ ಎದುರಿನಲ್ಲಿ ಅವನನ್ನು ಎದುರಿಸಿದನು. ಯಾಕಂದರೆ ಪಂಕ್ತಿ ಬೇರೆಯಾದರೆ ಸುವಾರ್ತೆಯೇ ಬೇರೆಯಾಗುತ್ತದೆಂದು ಪೌಲನು ಕಂಡನು. ಕರ್ತನ ಭೋಜನದ ಮೇಜಿನಲ್ಲಿ ಒಂದೇ ಪಾತ್ರೆಯಲ್ಲಿ ಪಾಲುಹೊಂದಿದವನು, ಸೋಮವಾರ ತನ್ನ ಅಂಗಡಿಯಲ್ಲಿ ಎರಡು ವಿಧ ಲೋಟಗಳನ್ನು ಇಡಕೂಡದು. ಇಂಥವನಿಗೆ ನಷ್ಟ ಬಂದಲ್ಲಿ ಸಭೆಯು ಸುಮ್ಮನೆ ನೋಡುತ್ತಿರಬಾರದು. ಅವನ ಅಂಗಡಿಗೆ ಹೋಗಿರಿ, ಅವನಿಗೆ ಹಾಲನ್ನು ಸಾಲವಾಗಿ ಕೊಡಿರಿ, ಮದುವೆ ಕೂಟಗಳಿಗೆ ಬೇಕಾದ ಕಾಫಿಯನ್ನು ಅವನಿಂದಲೇ ತರಿಸಿರಿ. ಒಬ್ಬನು ಹೊತ್ತುಕೊಂಡ ಶಿಲುಬೆಗೆ ಹತ್ತು ಹೆಗಲು ಸೇರಲಿ.

ಅವಮಾನ ಹೊಂದಿದವರಿಗೂ ಒಂದು ಮಾತು. ತಾಳ್ಮೆಯೆಂದರೆ ಅನ್ಯಾಯಕ್ಕೆ ತಲೆಬಾಗುವದಲ್ಲ. ನಿಮಗೆ ಬೇರೆ ಲೋಟ ಕೊಟ್ಟರೆ ಅದನ್ನು ಮುಟ್ಟದೆ, ಬೈಯದೆ, ಹೊಡೆದಾಟಕ್ಕೆ ಹೋಗದೆ, ಎಲ್ಲರಿಗೂ ಕೊಟ್ಟ ಲೋಟವನ್ನೇ ಕೊಡಿರೆಂದು ಧೈರ್ಯವಾಗಿ ಕೇಳಿರಿ. ಕೊಡದಿದ್ದರೆ ಸಾಕ್ಷಿಗಳ ಸಂಗಡ ಪೊಲೀಸು ಠಾಣೆಗೆ ಹೋಗುವದು ನಿಮ್ಮ ಹಕ್ಕಾಗಿದೆ. ಪೌಲನೂ ತನ್ನ ರೋಮಾಪುರದ ಪೌರತ್ವದ ಹಕ್ಕನ್ನು ಕೇಳಿಕೊಂಡನಷ್ಟೆ.

೩. ಅಳತೆಯಲ್ಲಿಯೂ ಶುಚಿಯಲ್ಲಿಯೂ ಸತ್ಯವಿರಬೇಕು

ಕಳ್ಳ ತಕ್ಕಡಿಯೂ ಕಳ್ಳ ಅಳತೆಯೂ ದೇವರಿಗೆ ಅಸಹ್ಯವೆಂದು ಮೋಶೆಯ ಧರ್ಮಶಾಸ್ತ್ರವೂ ಜ್ಞಾನೋಕ್ತಿಗಳೂ ಕಲಿಸುತ್ತವೆ. ಕಾಫಿಯಲ್ಲಿ ಅಳತೆಯ ಕಳ್ಳತನಕ್ಕೆ ಅನೇಕ ದಾರಿಗಳುಂಟು. ಚಿಕೋರಿಯೆಂಬ ಬೇರನ್ನು ಹುರಿದು ಪುಡಿಮಾಡಿ ಕಾಫಿಪುಡಿಗೆ ಬೆರಸುತ್ತಾರೆ. ಅದರಿಂದ ಡಿಕಾಕ್ಷನ್ನಿಗೆ ಬಣ್ಣವೂ ಗಟ್ಟಿತನವೂ ಬರುತ್ತವೆ. ಇದು ತಪ್ಪಲ್ಲ. ಆದರೆ ಅಂಥಾ ಬೆರಕೆಯ ಪುಡಿಯಲ್ಲಿ ನೂರಕ್ಕೆ ೫೧ ಪಾಲಿಗೆ ಕಡಿಮೆಯಿಲ್ಲದೆ ಕಾಫಿಯೇ ಇರತಕ್ಕದ್ದೆಂದೂ, ಯಾವದು ಎಷ್ಟೆಂದು ಪೊಟ್ಟಣದ ಮೇಲೆ ಬರೆಯತಕ್ಕದ್ದೆಂದೂ ಕಾನೂನು ಹೇಳುತ್ತದೆ. ಬೆರಸುವದರಲ್ಲಿ ಪಾಪವಿಲ್ಲ, ಮರೆಮಾಡುವದರಲ್ಲಿ ಪಾಪವುಂಟು. ಒಂದೇ ಪುಡಿಯ ಮೇಲೆ ಎರಡು ಮೂರು ಸಾರಿ ನೀರು ಹೊಯ್ದು, ರುಚಿ ಕೆಟ್ಟ ಕಡೆಯ ನೀರನ್ನು ಬಡ ಗಿರಾಕಿಗೆ ಕೊಡುವವನು, ಮೊದಲಿನ ದಪ್ಪ ಡಿಕಾಕ್ಷನ್ನಿನ ಬೆಲೆಯನ್ನು ಅವನಿಂದ ತಕ್ಕೊಳ್ಳುವದು ಕಳ್ಳತನವೇ.

ಶುಚಿತ್ವವೂ ನೆರೆಯವನ ಪ್ರೀತಿಗೆ ಸೇರಿದ್ದು. ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮ್ಸ್ ಎಂಬ ಹೋಟೆಲು ೧೯೨೪ರಲ್ಲಿ ಆರಂಭವಾಯಿತು. ಅದನ್ನು ನಡಿಸುತ್ತಿದ್ದ ಯಜ್ಞನಾರಾಯಣ ಮಯ್ಯರು ೧೯೫೧ರಲ್ಲಿ ಯೂರೋಪಿಗೆ ಹೋಗಿ, ಅಲ್ಲಿಯ ಹೋಟೆಲುಗಳ ಶುಚಿಯನ್ನು ನೋಡಿ ಬಂದು, ಪಾತ್ರೆಗಳನ್ನು ಕ್ರಿಮಿಶುದ್ಧಿಮಾಡುವ ಪದ್ಧತಿಯನ್ನು ತಮ್ಮಲ್ಲಿಯೂ ತಂದರು. ಗಿರಾಕಿಯ ಕಣ್ಣಿಗೆ ಕಾಣದ ಸ್ಥಳದಲ್ಲಿಯೂ ಅವನ ಆರೋಗ್ಯವನ್ನು ಕಾಯುವದು ನಿಜವಾದ ಸೇವೆ. ಕ್ರೈಸ್ತನ ಅಂಗಡಿಯಲ್ಲಿ ಒಂದೇ ಬಕೀಟಿನ ಕದಡಿದ ನೀರಿನಲ್ಲಿ ದಿನವೆಲ್ಲಾ ಲೋಟಗಳನ್ನು ಅದ್ದಿ ತೆಗೆಯುವದಾದರೆ, ಗೋಡೆಯ ಮೇಲಿನ ವಚನದಿಂದ ಏನು ಪ್ರಯೋಜನ?

೪. ಕುಡಿಯುವವನಿಗೂ ಧರ್ಮವುಂಟು

ಇದುವರೆಗೆ ಅಂಗಡಿಯವನಿಗೆ ಹೇಳಿದೆವು. ಇನ್ನು ಬೆಂಚಿನ ಮೇಲೆ ಕೂತವನು ಕೇಳಲಿ. ಲೋಟ ತರುವ ಮಾಣಿಯನ್ನು ‘ಲೇ’ ಎಂದು ಕೂಗುವವರುಂಟು. ಕಾಫಿ ಚೆಲ್ಲಿದರೆ ಕೆನ್ನೆಗೆ ಹೊಡೆಯುವವರೂ ಉಂಟು. ಸಾಲ ಹೇಳಿ ಕುಡಿದು ತಿಂಗಳುಗಟ್ಟಲೆ ಮುಖ ತೋರಿಸದವರು ಮತ್ತೂ ಹೆಚ್ಚು. ಕೂಲಿಯವನ ಕೂಲಿಯನ್ನು ಹೊತ್ತು ಮುಳುಗುವದಕ್ಕೆ ಮುಂಚೆ ಕೊಡತಕ್ಕದ್ದೆಂದು ಧರ್ಮೋಪದೇಶಕಾಂಡವು ವಿಧಿಸಿರುವಾಗ, ಕುಡಿದ ಕಾಫಿಯ ಬೆಲೆಯನ್ನು ತಡಮಾಡುವದು ನ್ಯಾಯವೋ?

ಲೋಟ ತರುವವನು ಚಿಕ್ಕ ಹುಡುಗನಾದರೆ ಇನ್ನೂ ಗಂಭೀರವಾಗಿ ಯೋಚಿಸಬೇಕು. ೧೪ ವರುಷದೊಳಗಿನ ಮಕ್ಕಳನ್ನು ಹೋಟೆಲು ಚಾದಂಗಡಿಗಳಲ್ಲಿ ಕೆಲಸಕ್ಕಿಡುವದನ್ನು ಸರಕಾರವು ೨೦೦೬ನೆಯ ಇಸವಿ ಅಕ್ಟೋಬರ್ ತಿಂಗಳಿಂದ ನಿಷೇಧಿಸಿದೆ. ಆ ಹುಡುಗನ ಸ್ಥಳವು ಶಾಲೆಯ ಬೆಂಚು. ನಮ್ಮ ಸಭೆಯ ಯಾವ ಮಗುವಾದರೂ ಲೋಟ ತೊಳೆಯುತ್ತಿರುವದಾದರೆ ಹಿರಿಯರು ಆ ಮನೆಗೆ ಹೋಗಿ, ಮನೆಯ ಕಷ್ಟವನ್ನು ವಿಚಾರಿಸಿ, ಮಗುವು ತಿರಿಗಿ ಶಾಲೆಗೆ ಸೇರುವ ಹಾಗೆ ಮಾಡಲಿ.

ಕಾಫಿ ತಂದುಕೊಡುವ ಕೆಲಸವು ಕೀಳೆಂದು ಯಾರೂ ಎಣಿಸಬಾರದು. ೧೯೫೭ರಲ್ಲಿ ಕಾಫಿ ಮಂಡಲಿಯು ತನ್ನ ಕಾಫಿ ಹೌಸುಗಳನ್ನು ಮುಚ್ಚುವದಕ್ಕೆ ತೊಡಗಿದಾಗ, ಕೆಲಸವು ಹೋಗುವದೆಂದು ಕಂಡ ನೌಕರರು ಬೆಂಗಳೂರಿನಲ್ಲಿ ಸಹಕಾರ ಸಂಘವನ್ನು ಕಟ್ಟಿಕೊಂಡು ಕಾಫಿ ಹೌಸನ್ನು ತಾವೇ ನಡಿಸಿದರು. ನಿನ್ನೆ ತಟ್ಟೆ ಹಿಡಿದವರು ಇಂದು ಒಡೆಯರಾದರು. ಒಡೆಯರಾದ ಮೇಲೆಯೂ ತಟ್ಟೆಯನ್ನು ಬಿಡಲಿಲ್ಲ. ಇವರಿಗಿಂತಲೂ ದೊಡ್ಡವನಾದ ನಮ್ಮ ಕರ್ತನು ಭೋಜನದಿಂದ ಎದ್ದು, ನಡುವಿಗೆ ವಸ್ತ್ರ ಕಟ್ಟಿಕೊಂಡು, ಬೋಗುಣಿಯಲ್ಲಿ ನೀರು ಹೊಯ್ದು, ತನ್ನನ್ನು ಹಿಡುಕೊಡಲಿದ್ದ ಯೂದನ ಕಾಲುಗಳನ್ನೂ ಬಿಡದೆ ಶಿಷ್ಯರೆಲ್ಲರ ಕಾಲುಗಳನ್ನು ತೊಳೆದನು. ಹೆಗಲ ಮೇಲೆ ಒರಸುವ ಬಟ್ಟೆಯಿರುವ ಯಾವನನ್ನು ಕಂಡರೂ ಈತನ ನೆನಪು ನಮಗೆ ಬರಬೇಕು.

ಹಾಗಾದರೆ, ಪ್ರಿಯರೇ, ಈ ತಿಂಗಳಲ್ಲಿ ಎರಡು ಕೆಲಸಗಳನ್ನು ಮಾಡಿರಿ. ಅಂಗಡಿಯುಳ್ಳವರು ಈ ಹೊತ್ತೇ ತಮ್ಮ ಲೋಟಗಳನ್ನು ಕೆಳಗಿಳಿಸಿ ನೋಡಲಿ. ಒಂದು ಗುಂಪು ಬೇರೆಯಾಗಿದ್ದರೆ ಅದನ್ನು ಒಟ್ಟಿಗೆ ಸೇರಿಸಿ ತೊಳೆಯಲಿ. ಅಂಗಡಿಯಿಲ್ಲದವರು ತಮ್ಮ ಮನೆಯ ಅಡುಗೆಕೋಣೆಯನ್ನು ನೋಡಲಿ. ಕೂಲಿಗೆ ಬಂದವರಿಗೆಂದು ಮೂಲೆಯಲ್ಲಿ ಇಟ್ಟ ಲೋಟವೇನಾದರೂ ಅಲ್ಲಿರುವದೋ? ಒಂದು ಕಾಲದಲ್ಲಿ ಹೊರಗೆ ನಿಲ್ಲಿಸಲ್ಪಟ್ಟವರ ಮಕ್ಕಳು ಮತ್ತೊಬ್ಬರನ್ನು ಹೊರಗೆ ನಿಲ್ಲಿಸುವದಾದರೆ ಅದಕ್ಕಿಂತ ದುಃಖಕರವಾದದ್ದು ಇನ್ನೇನುಂಟು? ಚಿಕ್ಕವನೊಬ್ಬನಿಗೆ ಕೊಟ್ಟ ತಣ್ಣೀರಿನ ಒಂದು ಪಾತ್ರೆಯನ್ನಾದರೂ ಮರೆಯದ ಕರ್ತನು, ಅವನಿಗೆ ಬಿಸಿಯಾಗಿಯೂ ಶುಚಿಯಾಗಿಯೂ ಮರ್ಯಾದೆಯಿಂದಲೂ ಕೊಟ್ಟ ಒಂದು ಲೋಟ ಕಾಫಿಯನ್ನು ಮರೆಯುವನೇ?

ಸಮಾರ್ಯದವಳ ಕೊಡದಿಂದ ನೀರು ಕೇಳಿದಾತನು ನಮ್ಮ ಕೈಗಳನ್ನೂ ನಮ್ಮ ಪಾತ್ರೆಗಳನ್ನೂ ಶುದ್ಧಿಮಾಡಲಿ. ಆಮೆನ್.