ಫಲಶ್ರುತಿ ಇಲ್ಲದ ಅರ್ಧ ಗಂಟೆ

ಕಠೋಪನಿಷತ್ತನ್ನು ನಾನು ಏಕಾಂಕ ನಾಟಕವೆಂದೇ ಓದುತ್ತ ಬಂದವಳು. ಯಮನ ಮನೆಯ ಬಾಗಿಲು, ಅನ್ನವಿಲ್ಲದೆ ಕಾದ ಮೂರು ರಾತ್ರಿ, ಆಮೇಲೆ ಇಬ್ಬರ ನಡುವಿನ ಮಾತು. ಸತ್ತ ಮೇಲೆ ಮನುಷ್ಯ ಇರುತ್ತಾನೋ ಇಲ್ಲವೋ ಹೇಳು ಎಂದು ಹುಡುಗ ನಚಿಕೇತ ಕೇಳುತ್ತಾನೆ. ಅದೊಂದನ್ನು ಬಿಟ್ಟು ಏನು ಬೇಕಾದರೂ ಕೇಳು ಎನ್ನುತ್ತಾನೆ ಯಮ. ನೂರು ವರ್ಷ ಬಾಳುವ ಮಕ್ಕಳು ಮೊಮ್ಮಕ್ಕಳು, ಆನೆ, ಕುದುರೆ, ಚಿನ್ನ, ಭೂಮಿ. ನಚಿಕೇತ ಒಂದನ್ನೂ ಮುಟ್ಟುವುದಿಲ್ಲ. ಹಾಗಿದ್ದೂ ಆ ಉಪನಿಷತ್ತಿನ ಮೊದಲ ಅಧ್ಯಾಯ ಮುಗಿಯುವಲ್ಲಿ ಒಂದು ಫಲಶ್ರುತಿ ಇದೆ: ಇದನ್ನು ಬ್ರಾಹ್ಮಣರ ಸಭೆಯಲ್ಲೋ ಶ್ರಾದ್ಧದ ಹೊತ್ತಿನಲ್ಲೋ ಕೇಳಿಸಿದವನಿಗೆ ಅನಂತ ಫಲವಂತೆ. ಫಲ ಒಲ್ಲೆ ಎಂದ ಹುಡುಗನ ಕಥೆಗೂ ಫಲ ಬಂದು ಅಂಟಿಕೊಂಡಿದೆ.

ನನಗೆ ಅದರ ಮೇಲೆ ಸಿಟ್ಟಿಲ್ಲ. ಫಲದ ಆಸೆಯಿಂದ ಬಂದು ಕೂತವರೂ ಕಥೆ ಕೇಳಿಯೇ ಎದ್ದು ಹೋಗುವುದು. ಆದರೆ ಫಲವೇ ಇಲ್ಲದ ಕಥೆಯನ್ನು ದೇವರ ಮುಂದೆ ಹೇಳಬಹುದೇ, ಕೇಳಬಹುದೇ ಎಂಬ ಪ್ರಶ್ನೆ ನಮ್ಮಲ್ಲಿ ನಿಜವಾಗಿ ಎದ್ದಿತು. ಎಬ್ಬಿಸಿದವರು ನಮ್ಮ ಕಟ್ಟಡದ ಹಿರಿಯರು, ನಾವೆಲ್ಲ ದೊಡ್ಡಮ್ಮ ಎಂದು ಕರೆಯುವವರು.

ನಾನಿರುವುದು ವಿಕ್ರೋಳಿಯ ಕನ್ನಮ್‌ವಾರ್ ನಗರದಲ್ಲಿ. ಮುನ್ಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದವಳು. ಅದಕ್ಕೇ ಶ್ರಾವಣ ಬಂತೆಂದರೆ ಸುತ್ತಲಿನ ಕನ್ನಡದ ಹೆಂಗಸರು ನನ್ನಲ್ಲಿಗೆ ಬರುತ್ತಾರೆ. ಸತ್ಯನಾರಾಯಣ ಪೂಜೆಯ ದಿನ ಆಡಲಿಕ್ಕೆ ಅರ್ಧ ಗಂಟೆಯ ನಾಟಕ ಬೇಕು, ಪಾತ್ರ ಕಡಿಮೆ ಇರಬೇಕು, ಪರದೆ ಗಿರದೆ ಬೇಡ, ಮಕ್ಕಳಿಗೆ ನಿದ್ದೆ ಬರುವುದರೊಳಗೆ ಮುಗಿಯಬೇಕು. ಕರಾವಳಿಯವರೂ ಕಲಬುರಗಿ, ವಿಜಯಪುರದ ಕಡೆಯವರೂ ಕೂಡಿದ ಗುಂಪು ನಮ್ಮದು. ಹಳೆಯ ಮ್ಹಾಡಾ ಕಟ್ಟಡಗಳು ಒಂದೊಂದಾಗಿ ರೀಡೆವಲಪ್‌ಮೆಂಟಿಗೆ ಹೋಗುತ್ತಿವೆ. ಅಲ್ಲಿಂದೆದ್ದು ಬಾಡಿಗೆ ಮನೆ ಹಿಡಿದವರೂ ಪೂಜೆಗೆ ಮಾತ್ರ ತಪ್ಪದೆ ಬರುತ್ತಾರೆ. ಪಕ್ಕದ ಮರಾಠಿ ಮನೆಗಳ ಹುಡುಗರಲ್ಲಿ ಏಕಾಂಕಿಕೆಯ ಹುಚ್ಚು ಇದೆ; ಜನವರಿ 25ರ ರಾತ್ರಿ ಚತುರಂಗ ಪ್ರತಿಷ್ಠಾನದ 'ಸವಾಯಿ' ಸ್ಪರ್ಧೆಗೆ ಬೆಳಗಿನ ತನಕ ಕೂತು ಬರುತ್ತಾರೆ. ಅಂಥದೊಂದು ರಾತ್ರಿ ನಮ್ಮ ಭಾಷೆಗೂ ಬೇಕು ಎಂಬ ಆಸೆ ನನ್ನದು. ಸದ್ಯಕ್ಕೆ ಕೈಗೆ ಸಿಕ್ಕಿರುವುದು ಪೂಜೆಯ ದಿನದ ಅರ್ಧ ಗಂಟೆ.

ನಾನು ಸೂಚಿಸಿದ್ದು ಗಿರೀಶ ಕಾರ್ನಾಡರು ಇಂಗ್ಲಿಷಿನಲ್ಲಿ ಬರೆದ 'ಫ್ಲವರ್ಸ್' ಎಂಬ ಏಕಪಾತ್ರ ನಾಟಕ. ರಾಯ್‌ಸ್ಟನ್ ಅಬೆಲ್ ನಿರ್ದೇಶನದಲ್ಲಿ ರಜಿತ್ ಕಪೂರ್ ಒಬ್ಬರೇ ನಿಂತು ಆಡಿದ್ದು ಇದನ್ನೇ. ಕಥೆಯ ಮೂಲ ಚಿತ್ರದುರ್ಗದ ಕಡೆಯದು, ತ.ರಾ.ಸು. ಅವರ 'ಹಂಸಗೀತೆ'ಯಲ್ಲೂ ಬರುತ್ತದೆ. ಶಿವಾಲಯದ ಪೂಜಾರಿಯೊಬ್ಬ ವೇಶ್ಯೆಯೊಬ್ಬಳಲ್ಲಿ ಮನಸ್ಸಿಟ್ಟು, ಲಿಂಗಕ್ಕೆ ಏರಿಸಿದ ಹೂವನ್ನೇ ಅವಳಿಗೂ ಮುಡಿಸುತ್ತಾನೆ. ಒಂದು ರಾತ್ರಿ ಪಾಳೆಯಗಾರನಿಗೆ ಕೊಟ್ಟ ಪ್ರಸಾದದ ಹೂವಿನಲ್ಲಿ ಕೂದಲು ಸಿಗುತ್ತದೆ. ದೇವರಿಗೆ ಕೂದಲಿದೆ ಎಂದುಬಿಡುತ್ತಾನೆ ಪೂಜಾರಿ. ತೋರಿಸು ಎಂದಾಗ ಲಿಂಗದ ಮೇಲೆ ನಿಜವಾಗಿಯೂ ಕೂದಲು ಬೆಳೆದಿರುತ್ತದೆ. ದೇವರು ಭಕ್ತನ ಸುಳ್ಳನ್ನು ನಿಜ ಮಾಡಿಕೊಟ್ಟ. ಜನ ಹೇಳುತ್ತ ಬಂದ ಕಥೆ ಅಲ್ಲಿಗೆ ಕೈಮುಗಿದು ಮುಗಿಯುತ್ತದೆ. ಕಾರ್ನಾಡರ ಪೂಜಾರಿಗೆ ಕಷ್ಟ ಶುರುವಾಗುವುದೇ ಅಲ್ಲಿಂದ. ಊರು ಅವನನ್ನು ಮಹಾತ್ಮ ಎನ್ನುತ್ತದೆ, ಅವನಿಗೆ ಮಾತ್ರ ಆ ಕೃಪೆಯನ್ನು ಹೊರಲಾಗುವುದಿಲ್ಲ.

ಸೊಸೈಟಿ ಆಫೀಸಿನಲ್ಲಿ ಕೂತು ನಾನು ಇದನ್ನು ಕನ್ನಡದಲ್ಲಿ ಹೇಳಿ ಮುಗಿಸಿದಾಗ ದೊಡ್ಡಮ್ಮ ಕೇಳಿದರು: "ಎಲ್ಲ ಸರಿ ಟೀಚರೇ. ಇದನ್ನು ನೋಡಿದ್ರೆ ಏನು ಫಲ ಉಂಟು?"

ಅವರು ಕೆಣಕಲು ಕೇಳಿದ್ದಲ್ಲ. ವ್ರತದ ಕಥೆ ಕೇಳಿ ಬೆಳೆದವರು ಅವರು, ನಾನೂ ಹಾಗೆಯೇ. ಸತ್ಯನಾರಾಯಣ ಕಥೆಯಲ್ಲಿ ಕಲಾವತಿ ಗಂಡ ಬಂದನೆಂಬ ಆತುರದಲ್ಲಿ ಪ್ರಸಾದ ಬಿಟ್ಟು ಓಡುತ್ತಾಳೆ, ದೋಣಿ ಕಾಣದಾಗುತ್ತದೆ. ಮರಳಿ ಬಂದು ಪ್ರಸಾದ ತಿಂದರೆ ಗಂಡನೂ ದೋಣಿಯೂ ಸಿಗುತ್ತವೆ. ಶನಿಮಹಾತ್ಮೆಯ ವಿಕ್ರಮ ರಾಜ ಪಟ್ಟ ಪಾಡೆಲ್ಲ ಕೊನೆಗೆ ಸರಿಹೋಗುತ್ತದೆ. ಕಷ್ಟದಲ್ಲಿರುವವನಿಗೆ ಕಥೆ ಒಂದು ಭರವಸೆ ಕೊಡುತ್ತದೆ. ಮಗನ ಕೆಲಸ ಹೋದ ವರ್ಷ, ಮನೆಯವರು ಆಸ್ಪತ್ರೆಯಲ್ಲಿದ್ದ ವರ್ಷ, ಆ ಭರವಸೆಯ ಬೆಲೆ ಏನೆಂದು ಪೂಜೆಗೆ ಕೂತವರಿಗೆ ಗೊತ್ತಿದೆ. ಅವರ ಕೈಯಿಂದ ಅದನ್ನು ಕಿತ್ತುಕೊಂಡು ಒಂದು ಸಂಶಯವನ್ನು ಕೊಡುವ ಹಕ್ಕು ನನಗೆ ಯಾರು ಕೊಟ್ಟರು?

ಇದಕ್ಕೆ ಮೊದಲ ಉತ್ತರ ನಮ್ಮ ಕರಾವಳಿಯಲ್ಲೇ ಇದೆ. ತಾಳಮದ್ದಳೆಯಲ್ಲಿ ವಾಲಿ ಬಾಣ ತಿಂದು ಬಿದ್ದಲ್ಲಿಂದ ರಾಮನನ್ನು ಪ್ರಶ್ನೆ ಮಾಡುತ್ತಾನೆ. ಮರೆಯಲ್ಲಿ ನಿಂತು ಹೊಡೆದೆಯಲ್ಲ, ನಿನಗೂ ನನಗೂ ಯಾವ ಹಗೆ? ಎದುರು ಕೂತ ಅರ್ಥಧಾರಿ ಅಲ್ಲೇ ಉತ್ತರ ಹುಟ್ಟಿಸಬೇಕು. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಲು ಜನ ರಾತ್ರಿಯಿಡೀ ಕೂತರು. ಅದರಿಂದ ರಾಮಭಕ್ತಿ ಕಡಿಮೆಯಾಯಿತೆಂದು ಯಾರೂ ಹೇಳಿದ್ದು ನಾನು ಕೇಳಿಲ್ಲ. ದೇವರ ಸನ್ನಿಧಿಯಲ್ಲಿ ದೇವರ ಮೇಲೇ ಆಪಾದನೆ ಹೊರಿಸಿ, ಆಮೇಲೆ ಮಂಗಳ ಹಾಡಿ ಮನೆಗೆ ಹೋಗುವ ಧೈರ್ಯ ನಮ್ಮ ಹಿರಿಯರಿಗಿತ್ತು. ಈಗಿನ ಸಣ್ಣ ನಾಟಕಗಳನ್ನು ಪೂಜೆಯ ಪಕ್ಕದಲ್ಲಿ ಇಡಲು ನಾನು ಹಿಂಜರಿಯದಿರುವುದು ಈ ನೆನಪಿನ ಬಲದಿಂದ.

ಆದರೆ ದೊಡ್ಡಮ್ಮನ ಪ್ರಶ್ನೆ ಅಷ್ಟಕ್ಕೆ ತೀರುವುದಿಲ್ಲ. ತಾಳಮದ್ದಳೆಯಲ್ಲೂ ವಾಲಿಗೆ ಕೊನೆಗೆ ಮೋಕ್ಷವಿದೆ. ಪೂಜಾರಿಯ ನಾಟಕದಲ್ಲಿ ಏನಿದೆ?

ಅದರಲ್ಲಿ ಮೂರನೆಯವರಿದ್ದಾರೆ. ವ್ರತಕಥೆಯಲ್ಲಿ ಲೆಕ್ಕ ನಡೆಯುವುದು ದೇವರಿಗೂ ನನಗೂ ನಡುವೆ. ಹರಕೆ ನನ್ನದು, ವರ ಅವನದು, ತಪ್ಪಿದರೆ ದಂಡವೂ ನಮ್ಮಿಬ್ಬರ ಒಳಗಿನದು. ಪೂಜಾರಿಯ ಪವಾಡದಲ್ಲಿ ಶಿವ ಪೂಜಾರಿಯನ್ನು ಉಳಿಸಿದ, ಸರಿ. ಪೂಜಾರಿಯ ಹೆಂಡತಿಗೆ ಏನಾಯಿತು? ಎಲ್ಲ ತಿಳಿದೂ ಬಾಯಿಬಿಡದೆ ಮನೆ ನಡೆಸಿದವಳು. ಆ ವೇಶ್ಯೆಗೆ ಏನಾಯಿತು? ಲಿಂಗದ ಮೇಲೆ ಮೂಡಿದ ಕೂದಲು ಅವರಿಬ್ಬರಿಗೂ ಏನನ್ನೂ ಕೊಡಲಿಲ್ಲ. ಕೃಪೆ ಒಬ್ಬನ ಮೇಲೆ ಇಳಿಯುವಾಗ ಪಕ್ಕದಲ್ಲಿ ನಿಂತವರು ಎಲ್ಲಿ ಹೋಗುತ್ತಾರೆ ಎಂಬ ಪ್ರಶ್ನೆ ನನಗೆ ದೊಡ್ಡ ಧಾರ್ಮಿಕ ಪ್ರಶ್ನೆಯಾಗಿ ಕಾಣುತ್ತದೆ. ದೇವರು ಇದ್ದಾನೋ ಇಲ್ಲವೋ ಎಂಬುದಕ್ಕಿಂತ ಹೆಚ್ಚು ತುರ್ತಿನದು. ಇದ್ದಾನೆಂದು ನಂಬಿದವರನ್ನೇ ಹೆಚ್ಚು ಕಾಡಬೇಕಾದದ್ದು.

ಕನ್ನಡದ ಸಣ್ಣ ನಾಟಕಕ್ಕೆ ಈ ಪ್ರಶ್ನೆ ಹೊಸದೇನಲ್ಲ. ಕುವೆಂಪು 'ಜಲಗಾರ'ವನ್ನು ಪ್ರಕಟಿಸಿದ್ದು 1928ರಲ್ಲಿ. ಊರೆಲ್ಲ ಶಿವನ ಗುಡಿಗೆ ಹೋಗುತ್ತಿರುವಾಗ ಬೀದಿ ಗುಡಿಸುತ್ತ ಉಳಿದವನ ಬಳಿಗೆ ಶಿವನೇ ಬರುತ್ತಾನೆ, ಜಗದ ಜಲಗಾರನಾಗಿ. ನಮ್ಮ ಪೂಜೆಯ ಮಾರನೆಯ ಬೆಳಿಗ್ಗೆ ಬಾಳೆ ಎಲೆ, ಹೂವಿನ ಕಸ ಎತ್ತಲು ಬರುವ ಸಫಾಯಿ ಕೆಲಸದವರನ್ನು ಕಂಡಾಗ ನನಗೆ ಈ ನಾಟಕ ನೆನಪಾಗುತ್ತದೆ, ಮತ್ತು ಅದು ಪೂಜೆಯ ಹಿಂದಿನ ದಿನವೇ ನೆನಪಾಗಬೇಕಿತ್ತು ಎನ್ನಿಸುತ್ತದೆ. ಹೊಸ ನಾಟಕ ಬೇಡವೇ ಬೇಡ ಎನ್ನುವವರಿಗೆ ನಾನು ಮೊದಲು ಕೊಡುವುದು ಇದನ್ನೇ. ಶಿವ ಕಣ್ಣೆದುರೇ ಬರುವುದರಿಂದ ಅವರಿಗೆ ಸಮಾಧಾನ, ಎಲ್ಲಿಗೆ ಬರುತ್ತಾನೆ ಎಂಬುದರಿಂದ ನನಗೆ.

ಅಲ್ಲಿಂದ ಮುಂದಕ್ಕೆ ದು. ಸರಸ್ವತಿಯವರ 'ಸಣ್ಣತಿಮ್ಮಿ ರಾಮಾಯಣ'. ಪೌರಕಾರ್ಮಿಕ ಹೆಂಗಸರ ಜೊತೆ ಕೆಲಸ ಮಾಡಿದವರು ಅವರು. ರಾಮಾಯಣವನ್ನು ಸಣ್ಣತಿಮ್ಮಿ ಎಂಬ ಬಡವಿಯ ಬಾಯಲ್ಲಿ ಹೇಳಿಸಿ ತಾವೇ ಒಬ್ಬರೇ ಆಡುತ್ತಾರೆ. ಎಚ್.ಎಸ್. ವೆಂಕಟೇಶಮೂರ್ತಿಯವರ 'ಚಿತ್ರಪಟ' ಜನಪದ ರಾಮಾಯಣದಿಂದ ಬಂದದ್ದು: ಸೀತೆ ಬಿಡಿಸಿದ ರಾವಣನ ಚಿತ್ರವೇ ಅವಳಿಗೆ ಮುಳುವಾಗುವ ಕಥೆ. ನಮ್ಮ ಅರ್ಧ ಗಂಟೆಗೆ ಇದು ದೊಡ್ಡದಾಗುತ್ತದೆ, ಹಾಡಿಗೆ ಗಂಟಲೂ ಬೇಕು. ಓದಿಗೆ ಮಾತ್ರ ಇಟ್ಟುಕೊಂಡೆವು.

ಕಾರ್ನಾಡರ 'ಒಡಕಲು ಬಿಂಬ'ದಲ್ಲಿ ದೇವರ ಹೆಸರೇ ಇಲ್ಲ. ಆದರೂ ಪೂಜೆಯ ದಿನಕ್ಕೆ ಅದು ಸಲ್ಲುತ್ತದೆ ಎಂದು ನಾನು ವಾದ ಮಾಡಿದ್ದೇನೆ. ಇಂಗ್ಲಿಷ್ ಕಾದಂಬರಿಯಿಂದ ಹೆಸರು ಮಾಡಿದ ಲೇಖಕಿ ಮಂಜುಳಾ ನಾಯಕ್ ಟಿವಿಯಲ್ಲಿ ಭಾಷಣ ಮುಗಿಸಿ ಏಳುವಾಗ ಪರದೆಯ ಮೇಲಿನ ಅವಳದೇ ಬಿಂಬ ಅವಳನ್ನು ತಡೆದು ನಿಲ್ಲಿಸಿ ಕೇಳತೊಡಗುತ್ತದೆ. ಗಾಲಿಕುರ್ಚಿಯಲ್ಲೇ ಬಾಳಿ ಸತ್ತ ತಂಗಿ ಮಾಲಿನಿ ರಂಗಕ್ಕೆ ಬರುವುದೇ ಇಲ್ಲ, ಇಡೀ ನಾಟಕ ಅವಳದೇ. ಅರುಂಧತಿ ನಾಗ್ ಕನ್ನಡದಲ್ಲಿ ಅದನ್ನು ಆಡಿದರು. ಮನಸ್ಸಾಕ್ಷಿ ಎಂದು ನಾವು ಸಲೀಸಾಗಿ ಹೇಳುತ್ತೇವೆ. ಆ ಸಾಕ್ಷಿ ಬಾಯಿಬಿಟ್ಟು ಮೊದಲು ಹೇಳುವ ಹೆಸರು ನಾವು ಬಿಟ್ಟು ಬಂದವರದು ಎಂದು ನನಗೆ ತೋರಿಸಿಕೊಟ್ಟದ್ದು ಈ ನಾಟಕ.

ಇವರೆಲ್ಲ ಹೆಸರಾದವರು. ಹೆಸರಿಲ್ಲದವರ ನಾಟಕ ಸೂಚಿಸುವುದು ಬೇರೆಯೇ ಕೆಲಸ. ವಿಕ್ರೋಳಿಯಲ್ಲಿ ಸ್ಲೋ ಲೋಕಲ್ ಹತ್ತಿದರೆ ಘಾಟ್ಕೋಪರ್, ವಿದ್ಯಾವಿಹಾರ್, ಕುರ್ಲಾ, ಸಯನ್ ದಾಟಿ ಮಾಟುಂಗಾ. ಅಲ್ಲಿ ಭಾವು ದಾಜಿ ರಸ್ತೆಯಲ್ಲಿರುವ ಮೈಸೂರು ಅಸೋಸಿಯೇಷನ್ 1926ರಲ್ಲಿ ಹುಟ್ಟಿದ ಸಂಸ್ಥೆ. ತನ್ನ 'ನೇಸರು' ತಿಂಗಳೋಲೆಯ ಹೆಸರಿನಲ್ಲಿ ಅದು ಏಕಾಂಕ ನಾಟಕ ಬರೆಯುವ ಸ್ಪರ್ಧೆ ನಡೆಸಿದೆ. ಮುಂಬಯಿಯಲ್ಲಿ ಕೂತು ಕನ್ನಡದಲ್ಲಿ ಹೊಸ ಏಕಾಂಕ ಬರೆಯಿರಿ ಎಂದು ಕರೆಯುವವರಿದ್ದಾರೆ ಎಂಬುದೇ ನನ್ನಂಥವಳಿಗೆ ದೊಡ್ಡ ಆಸರೆ. ಯಾರೂ ಆಡದ, ಯಾರೂ ಚಪ್ಪಾಳೆ ತಟ್ಟದ ಹಸ್ತಪ್ರತಿಯನ್ನು ಝೆರಾಕ್ಸ್ ಮಾಡಿಸಿ ನೆರೆಮನೆಯವರ ಕೈಗಿಡುವಾಗ ನನ್ನಲ್ಲಿ ಇರುವುದು ಶ್ರದ್ಧೆ ಒಂದೇ. ತಂದೆ ಬಡಕಲು ಹಸುಗಳನ್ನು ದಾನ ಕೊಡುವುದನ್ನು ನೋಡಿ ನಚಿಕೇತನೊಳಗೆ ಹೊಕ್ಕಿತು ಎಂದು ಉಪನಿಷತ್ತು ಹೇಳುವುದೂ ಶ್ರದ್ಧೆಯನ್ನೇ. ಅವನ ಶ್ರದ್ಧೆ ಅವನನ್ನು ಸುಮ್ಮನೆ ಕೂರಿಸಲಿಲ್ಲ, ಅಪ್ಪನನ್ನು ಪ್ರಶ್ನೆ ಕೇಳಲು ಎಬ್ಬಿಸಿತು.

ಹೊಸ ಹಸ್ತಪ್ರತಿ ಓದುವಾಗ ನಾನು ಭಾಷೆಯ ತೊಡಕುಗಳನ್ನು ಸುಲಭವಾಗಿ ಕ್ಷಮಿಸುತ್ತೇನೆ. ಕೊನೆಯ ಪುಟದಲ್ಲಿ ಯಾರೋ ಹಿರಿಯರು ಬಂದು ಎಲ್ಲರಿಗೂ ಬುದ್ಧಿ ಹೇಳುವುದನ್ನು ಕ್ಷಮಿಸಲಾರೆ. ಅದು ಫಲಶ್ರುತಿಯೇ, ದೇವರನ್ನು ತೆಗೆದ ಫಲಶ್ರುತಿ. ನಂಬಿಕೆಯವರನ್ನು ಮೂಢರೆಂದು ನಗುವ ನಾಟಕವನ್ನೂ ಪಕ್ಕಕ್ಕಿಡುತ್ತೇನೆ. ಉಪವಾಸವಿದ್ದು ಬಂದು ಮುಂದಿನ ಸಾಲಿನಲ್ಲಿ ಕೂತ ಹೆಂಗಸನ್ನು ನೋಡಿ ನಗುವುದು ಪ್ರಶ್ನೆ ಕೇಳಿದಂತಲ್ಲ.

ಸೊಸೈಟಿ ಆಫೀಸಿನ ಆ ಮಾತುಕತೆಯನ್ನು ಅರ್ಧಕ್ಕೆ ಬಿಟ್ಟೆ. ದೊಡ್ಡಮ್ಮನಿಗೆ ನಾನು ಮೂರನೆಯವರ ಮಾತು ಹೇಳಿದೆ. ಅವರು ಒಪ್ಪಿದೆ ಎನ್ನಲಿಲ್ಲ. "ಹಾಗಾದ್ರೆ ಆ ಹೆಂಡತಿಗೆ ಮಾತೇ ಇಲ್ಲವಾ ನಾಟಕದಲ್ಲಿ?" ಎಂದು ಕೇಳಿದರು. ಇಲ್ಲ, ಪೂಜಾರಿಯೊಬ್ಬನೇ ಮಾತಾಡುವುದು ಎಂದೆ. ಮೂಲೆಯಲ್ಲಿ ಕೂತಿದ್ದ ಕಲಬುರಗಿ ಕಡೆಯ ಹುಡುಗಿ, ಗೋದ್ರೆಜ್ ಕಾಲೊನಿಯ ಮನೆಗಳಲ್ಲಿ ಅಡುಗೆ ಮಾಡುವವಳು, ಥಟ್ಟನೆ ಅಂದಳು: "ಆಕಿ ಮಾತಾಡಿದ್ರ ದೇವರಿಗೇ ಕಷ್ಟ ಆಗ್ತದ್ರಿ, ಅದಕ್ಕ ಆಕಿಗೆ ಮಾತು ಕೊಟ್ಟಿಲ್ಲ." ಆಮೇಲೆ ಬಹಳ ಹೊತ್ತು ಎಲ್ಲರೂ ಒಟ್ಟಿಗೇ ಮಾತಾಡಿದರು. ಹೆಂಡತಿ ಏನು ಕೇಳಬಹುದು, ಯಾರನ್ನು ಕೇಳಬಹುದು, ಗಂಡನನ್ನೋ ಶಿವನನ್ನೋ ಎಂದು. ಅವಳು ವೇಶ್ಯೆಯನ್ನೇ ಹೋಗಿ ಕಾಣಬೇಕು ಎಂದವರು ದೊಡ್ಡಮ್ಮ.

ಹಾಗಾಗಿ ಮುಂಬಯಿಯಲ್ಲಿ ಕನ್ನಡ ಬರೆಯುವ ಹೊಸ ನಾಟಕಕಾರರಲ್ಲಿ ನನ್ನದೊಂದು ಕೋರಿಕೆ ಇದೆ. ಆ ಇಬ್ಬರು ಹೆಂಗಸರು ಭೇಟಿಯಾಗುವ ಅರ್ಧ ಗಂಟೆಯ ನಾಟಕ ಬರೆದುಕೊಡಿ. ಎರಡು ಪಾತ್ರ ಸಾಕು, ಪರದೆ ಬೇಡ, ಲಿಂಗವನ್ನು ತೋರಿಸಬೇಕಾಗಿಲ್ಲ. ಅವರಲ್ಲಿ ಒಬ್ಬಳು ಉತ್ತರ ಕರ್ನಾಟಕದ ಮಾತು ಆಡಲಿ, ಆಡುವವಳು ನಮ್ಮಲ್ಲಿದ್ದಾಳೆ. ಮಂಗಳಾರತಿ ಆದ ಮೇಲೆ, ಸಪಾದಭಕ್ಷ್ಯ ಹಂಚುವ ಮೊದಲು ಆಡುತ್ತೇವೆ. ಹಂಚಿದ ಮೇಲೆ ಜನ ಎದ್ದುಬಿಡುತ್ತಾರೆ.