ಸದ್ದಿಲ್ಲದ ದಾರಿಯ ಋಣ

ಫ್ರಾನ್ಸಿನ ನಡುಭಾಗದ ಕ್ರೂಜ್ ಜಿಲ್ಲೆಯಲ್ಲಿ ಗ್ರಾವೆಲ್ ಸೈಕಲ್ ತುಳಿದು ಬಂದವರೆಲ್ಲ ಮೊದಲು ಹೊಗಳುವುದು ಅಲ್ಲಿನ ನಿಶ್ಶಬ್ದವನ್ನು. ಆ ಹೊಗಳಿಕೆ ಸುಳ್ಳಲ್ಲ. ಡಾಂಬರು ಬಿಟ್ಟು ಜಲ್ಲಿ ದಾರಿಗೆ ಇಳಿದರೆ ಬಹಳ ಹೊತ್ತು ಒಂದು ಕಾರೂ ಎದುರಾಗುವುದಿಲ್ಲ. ಎರಡೂ ಬದಿಗೆ ಪೊದೆಬೇಲಿ, ಅದರಾಚೆ ಹುಲ್ಲುಗಾವಲಿನಲ್ಲಿ ಕೆಂಗಂದು ಬಣ್ಣದ ಲಿಮೂಜಾಂ ದನಗಳು, ಚಕ್ರದಡಿ ಪುಡಿಯಾದ ಗ್ರಾನೈಟಿನ ಒರಟು ಮರಳು. 40 ಮಿಲಿಮೀಟರಿನ ಅಗಲ ಟೈರಿಗೆ ಗಾಳಿ ತುಸು ಕಡಿಮೆ ಹಾಕಿಕೊಂಡರೆ ಆ ದಾರಿ ಮೈ ಕುಲುಕಿಸುವುದೂ ಇಲ್ಲ. ಆ ಸುಖವನ್ನು ನಾನೂ ಉಂಡಿದ್ದೇನೆ. ಆದರೆ ಆ ನಿಶ್ಶಬ್ದ ಎಲ್ಲಿಂದ ಬಂತು ಎಂದು ಕೇಳಿಕೊಳ್ಳದೆ ಅದನ್ನು ಉಣ್ಣುವುದು ಈಗ ನನ್ನಿಂದಾಗುತ್ತಿಲ್ಲ.

ಅದು ಕಾಡಿನ ಮೌನವಲ್ಲ, ಜನ ಎದ್ದುಹೋದ ಊರಿನ ಮೌನ. 1851ರ ಜನಗಣತಿಯ ಹೊತ್ತಿಗೆ ಕ್ರೂಜಿನಲ್ಲಿ 2 ಲಕ್ಷ 87 ಸಾವಿರ ಜನರಿದ್ದರು. ಇಂದು ಉಳಿದಿರುವವರು ಸುಮಾರು 1 ಲಕ್ಷ 15 ಸಾವಿರ. ಇದೇ ಅವಧಿಯಲ್ಲಿ ದೇಶದ ಜನಸಂಖ್ಯೆ ದುಪ್ಪಟ್ಟಿನ ಹತ್ತಿರಕ್ಕೆ ಬೆಳೆದಿದೆ. ಹೋದವರು ಎಲ್ಲಿಗೆ ಹೋದರೆಂದು ತಿಳಿಯಲು ಪ್ಯಾರಿಸ್ಸಿನ ಗೋಡೆಗಳನ್ನು ನೋಡಬೇಕು. ಕ್ರೂಜಿನ ನೆಲ ಬಡನೆಲ, ಅದರ ಬೆಳೆ ಮನೆಮಂದಿಯ ಹೊಟ್ಟೆಗೆ ಸಾಲುತ್ತಿರಲಿಲ್ಲ. ಹಾಗಾಗಿ ಇಲ್ಲಿನ ಗಂಡಸರು ಕಲ್ಲುಕಟ್ಟುವ, ಗಾರೆ ಕಲಸುವ ಕೆಲಸ ಹಿಡಿದರು. ಪ್ರತಿ ವರ್ಷ ಮಾರ್ಚ್ ಬಂತೆಂದರೆ ಮೀಸೆ ಮೂಡದ ಹುಡುಗರೂ ಸೇರಿ ಗುಂಪು ಕಟ್ಟಿಕೊಂಡು ನಡೆದೇ ಹೊರಡುತ್ತಿದ್ದರು, ಚಳಿಗಾಲಕ್ಕೆ ಮರಳುತ್ತಿದ್ದರು. ನಡುವಿನ ತಿಂಗಳುಗಳಲ್ಲಿ ಹೊಲ, ದನ, ಮುದುಕರು, ಕೂಸುಗಳು ಎಲ್ಲವೂ ಹೆಂಗಸರ ಹೆಗಲಿಗೆ. ಸೂಬ್ರೆಬೋ ಗ್ರಾಮದ ಮಾರ್ತಂ ನಾದೋ 1830ರಲ್ಲಿ, 14ರ ಹರೆಯದಲ್ಲಿ, ಅಪ್ಪನ ಜೊತೆ ಹೀಗೆಯೇ ಹೊರಟವರು. ಓರ್ಲಿಯಾಂವರೆಗೆ ಕಾಲ್ನಡಿಗೆ, ಅಲ್ಲಿಂದಾಚೆಗೆ ಬಾಡಿಗೆ ಗಾಡಿ. ಮುಂದೆ ಅವರು ಸಂಸತ್ತಿಗೆ ಆಯ್ಕೆಯಾದರು. 1851ರ ಕ್ಷಿಪ್ರಕ್ರಾಂತಿಯ ನಂತರ ದೇಶ ಬಿಟ್ಟು ಇಂಗ್ಲೆಂಡಿನಲ್ಲಿ ಮೇಷ್ಟರಾಗಿ ಬದುಕಿದರು. ಮರಳಿ ಬಂದು, ಕೆಲಸದಲ್ಲಿ ಪೆಟ್ಟು ತಿಂದ ಕಾರ್ಮಿಕನಿಗೆ ಪರಿಹಾರ ಸಿಗಬೇಕೆಂಬ ಮಸೂದೆಯನ್ನು 1880ರಲ್ಲಿ ಮಂಡಿಸಿದರು. ಅಂಥ ಕಾನೂನು ಕೊನೆಗೂ ಬಂದದ್ದು 1898ರಲ್ಲಿ, ನಾದೋ ತೀರಿಕೊಂಡ ವರ್ಷ.

ರೈಲು ಬಂದ ಮೇಲೆ ಹೋಗಿಬರುವುದು ಸಲೀಸಾಯಿತು. ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೋಗಿ ಅಲ್ಲೇ ಉಳಿದುಬಿಡುವುದೂ ಸಲೀಸಾಯಿತು. ಆಮೇಲೆ ಮಹಾಯುದ್ಧ ಬಂತು. ಇಲ್ಲಿನ ಯಾವ ಹಳ್ಳಿಯ ಚೌಕಕ್ಕೆ ಹೋದರೂ ಒಂದು ಕಲ್ಲುಕಂಬ, ಅದರ ಮೇಲೆ 1914ರಿಂದ 1918ರವರೆಗೆ ಸತ್ತವರ ಹೆಸರುಗಳು ಇರುತ್ತವೆ. ಒಂದೇ ಮನೆತನದ ಹೆಸರು ಒಂದರ ಕೆಳಗೊಂದು ಬರುವುದೂ ಉಂಟು. ಜಾಂತ್ಯೂ ಊರಿನಲ್ಲಿ 1922ರಲ್ಲಿ ನಿಲ್ಲಿಸಿದ ಸ್ಮಾರಕದಲ್ಲಿ ವೀರ ಯೋಧನಿಲ್ಲ, ವಿಜಯದ ದೇವತೆಯೂ ಇಲ್ಲ. ಅಪ್ಪನನ್ನು ಕಳೆದುಕೊಂಡ ಶಾಲಾ ಹುಡುಗನೊಬ್ಬ ಒಂದು ಕೈಯಲ್ಲಿ ಟೋಪಿ ಹಿಡಿದು ಇನ್ನೊಂದು ಕೈಯನ್ನು ಮುಷ್ಟಿ ಮಾಡಿ ನಿಂತಿದ್ದಾನೆ. ಆ ಮುಷ್ಟಿ ಚಾಚಿರುವುದು ಯುದ್ಧಕ್ಕೆ ಶಾಪ ಹಾಕುವ ಬರಹದ ಕಡೆಗೆ. ಸರ್ಕಾರದ ಅಧಿಕಾರಿಗಳು ಆಗ ಅದನ್ನು ಉದ್ಘಾಟಿಸಲು ಬರಲಿಲ್ಲ. ನನ್ನ ಮಟ್ಟಿಗೆ ಇಡೀ ಪ್ರಾಂತ್ಯದಲ್ಲಿ ಸೈಕಲ್ಲಿನಿಂದ ಇಳಿದು ನಿಲ್ಲಲೇಬೇಕಾದ ಜಾಗ ಅದೊಂದೇ. ಬೆಟ್ಟದ ನೋಟಗಳನ್ನು ತುಳಿಯುತ್ತಲೇ ನೋಡಬಹುದು.

ಫ್ರಾನ್ಸಿನ ಹಳ್ಳಿಗಾಡಿನಲ್ಲಿ ದೂರ ಸೈಕಲ್ ತುಳಿಯುವವರಿಗೆಲ್ಲ ಗೊತ್ತಿರುವ ಮಾತೊಂದಿದೆ: ಬಾಟಲಿಯಲ್ಲಿ ನೀರು ಮುಗಿದರೆ ಸ್ಮಶಾನ ಹುಡುಕು. ಅಂಗಡಿ ಮುಚ್ಚಿರಬಹುದು, ಕೆಫೆ ಎಂದೋ ನಿಂತುಹೋಗಿರಬಹುದು. ಆದರೆ ಗೋರಿಗಳ ಮೇಲಿನ ಹೂಕುಂಡಗಳಿಗೆ ನೀರು ಹಾಕಲೆಂದು ಸ್ಮಶಾನದ ಗೇಟಿನ ಹತ್ತಿರ ಸಾಮಾನ್ಯವಾಗಿ ಒಂದು ನಲ್ಲಿ ಇರುತ್ತದೆ. (ಕುಡಿಯುವ ನೀರಲ್ಲ ಎಂಬ ಫಲಕ ಇದೆಯೇ ಎಂದು ನೋಡಿಕೊಳ್ಳಬೇಕು, ಅಷ್ಟೆ.) ಬಾಟಲಿ ತುಂಬುವವರೆಗೆ ಕಣ್ಣು ತಾನಾಗಿಯೇ ಹೆಸರುಗಳನ್ನು ಓದುತ್ತದೆ. ನವೆಂಬರ್ 1ರಂದು, ಸಕಲ ಸಂತರ ಹಬ್ಬದ ದಿನ, ದೂರದ ನಗರಗಳಿಂದ ಮಕ್ಕಳು ಮೊಮ್ಮಕ್ಕಳು ಬಂದು ಇಲ್ಲಿ ಸೇವಂತಿಗೆ ಕುಂಡ ಇಟ್ಟು ಹೋಗುತ್ತಾರೆ. ಮಿಕ್ಕ ದಿನಗಳಲ್ಲಿ ಆ ನೀರು ನಮ್ಮಂಥ ಪರಸ್ಥಳದವರ ಬಾಯಾರಿಕೆಗೂ ಒದಗುತ್ತದೆ. ಹೋದವರಿಂದ ನಾವು ಪಡೆಯುತ್ತಿರುವುದನ್ನು ಇಷ್ಟು ನೇರವಾಗಿ ತೋರಿಸುವುದು ಆ ದಾರಿಯಲ್ಲಿ ಬೇರೆ ಯಾವುದೂ ಇಲ್ಲ. ಋಣ ಎಂಬ ಮಾತನ್ನು ನಾವು ದೊಡ್ಡ ದೊಡ್ಡ ಸಂಗತಿಗಳಿಗೆ ಎತ್ತಿಡುತ್ತೇವೆ. ಇಲ್ಲಿ ಅದು ಮುಕ್ಕಾಲು ಲೀಟರ್ ನೀರು.

ದಕ್ಷಿಣಕ್ಕೆ, ಮಿಲ್‌ವಾಶ್ ಪ್ರಸ್ಥಭೂಮಿಯ ಮೇಲೆ, ಮರಗಳೂ ಇದೇ ಕಥೆ ಹೇಳುತ್ತವೆ. ನೂರು ವರ್ಷದ ಹಿಂದೆ ಅಲ್ಲಿ ಹೆಚ್ಚಾಗಿ ಇದ್ದದ್ದು ಕುರಿ ಮೇಯುವ ಬಯಲು. ಮೇಯಿಸುವವರು ಹೋದ ಮೇಲೆ, 1946ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಅರಣ್ಯ ನಿಧಿಯ ನೆರವಿನಿಂದ ಅಲ್ಲಿ ಸ್ಪ್ರೂಸ್, ಡಗ್ಲಸ್ ಫರ್ ನೆಟ್ಟರು. ಅನಾದಿ ಕಾಡೆಂದು ನಾವು ಬೆರಗಾಗುವ ಎಷ್ಟೋ ಕಡೆ ಸಾಲು ಹಿಡಿದು ನೆಟ್ಟ ಮರಗಳಿವೆ, ಒಳಹೊಕ್ಕರೆ ಹಳೆಯ ಹೊಲದ ಕಲ್ಲುಗೋಡೆಗಳು ಸಿಗುತ್ತವೆ.

ಇನ್ನು ಆ ದಾರಿಗಳು. ನಮ್ಮ ಗ್ರಾಮನಕ್ಷೆಗಳಲ್ಲಿ ನಕಾಶೆ ಕಂಡ ದಾರಿ ಇರುತ್ತದಲ್ಲ, ಪಕ್ಕದ ಜಮೀನಿನವನು ವರ್ಷಕ್ಕೆ ಒಂದು ಸಾಲು ಉತ್ತು ನುಂಗುತ್ತ ಬಂದು ಕೊನೆಗೆ ತಹಶೀಲ್ದಾರರ ಮುಂದೆ ಜಗಳವಾಗುವಂಥದ್ದು, ಅಂಥವೇ ಅಲ್ಲಿನ ಗ್ರಾಮೀಣ ದಾರಿಗಳೂ. ಅವು ಗ್ರಾಮಾಡಳಿತದ ಸ್ವತ್ತು, ಸಾರ್ವಜನಿಕರ ಬಳಕೆಗೆ ಬಿಟ್ಟವು. ಆದರೆ ಡಾಂಬರು ರಸ್ತೆಗಿರುವ ರಕ್ಷಣೆ ಇವಕ್ಕಿಲ್ಲ. ಬಳಕೆ ನಿಂತರೆ ಊರಿನವರು ಮಾರಬಹುದು. 30 ವರ್ಷ ಯಾರೂ ತಕರಾರೆತ್ತದೆ ಪಕ್ಕದವನ ಅನುಭವದಲ್ಲಿದ್ದರೆ ಅದು ಅವನದೇ ಆಗಿಬಿಡಬಹುದು. 2022ರ ಕಾನೂನು, ಊರಿನವರು ತಮ್ಮ ದಾರಿಗಳ ಪಟ್ಟಿ ಮಾಡಲು ನಿರ್ಧರಿಸಿದರೆ 2 ವರ್ಷದ ಮಟ್ಟಿಗೆ ಆ ಗಡಿಯಾರವನ್ನು ನಿಲ್ಲಿಸುತ್ತದೆ. ಒಂದು ದಾರಿ ಸಾರ್ವಜನಿಕರದ್ದು ಎಂದು ಭಾವಿಸಲು ಅಲ್ಲಿನ ಕಾನೂನು ನೋಡುವ ಮುಖ್ಯ ಗುರುತುಗಳಲ್ಲಿ ಒಂದು ಜನರ ಓಡಾಟ. ಹೀಗೆ ನೋಡಿದಾಗ ಸೈಕಲ್ಲಿನ ಗೆರೆ ಬರೀ ಮೋಜಿನ ಗುರುತಲ್ಲ. ಗಾರೆಯವರೂ ಹಾಲು ಮಾರುವವರೂ ತುಳಿದು ಉಳಿಸಿಕೊಟ್ಟದ್ದನ್ನು ಇನ್ನಷ್ಟು ಕಾಲ ದಾರಿಯಾಗಿಯೇ ಇಡುವ ಕೆಲಸ ಅದು. ಮಳೆ ಬಿದ್ದ ಮರುದಿನ ಮೆತ್ತಗಿನ ಮಣ್ಣನ್ನು ಚಕ್ರದಿಂದ ಸೀಳಬಾರದು. ದನದ ತಂತಿಬೇಲಿ ದಾಟಿದರೆ ಕೊಕ್ಕೆ ಮತ್ತೆ ಹಾಕಬೇಕು. ಮುಳ್ಳು ಬೆಳೆದು ದಾರಿ ಮುಚ್ಚಿದ್ದರೆ ನಕ್ಷೆಯನ್ನು ಬೈಯುವ ಬದಲು ಆ ಊರಿನ ಪುರಸಭೆಗೆ ಒಂದು ಸಾಲು ಬರೆದು ತಿಳಿಸಬೇಕು.

ಇದಕ್ಕೆಲ್ಲ ನಿಧಾನ ಬೇಕು. ಸಾಂತ್ ಎತಿಯೆನ್ನಿನ ರೇಷ್ಮೆ ವ್ಯಾಪಾರಿ ಪೋಲ್ ದ ವಿವಿ, ವೆಲೋಸಿಯೊ ಎಂಬ ಹೆಸರಿನಲ್ಲಿ ಬರೆಯುತ್ತಿದ್ದವರು, 1887ರಲ್ಲಿ ಸೈಕಲ್ ಪತ್ರಿಕೆಯೊಂದನ್ನು ಶುರು ಮಾಡಿ ಗೇರ್ ಬದಲಿಸುವ ಸೈಕಲ್ಲಿಗಾಗಿ ಬಾಳಿಡೀ ವಾದಿಸಿದರು. ಗೇರು ಅಬಲರಿಗೆ ಎಂಬ ಹಮ್ಮು ಆ ಕಾಲದ್ದು. ಟೂರ್ ಡಿ ಫ್ರಾನ್ಸ್ ಅದನ್ನು ಸ್ಪರ್ಧಿಗಳಿಗೆಲ್ಲ ಒಪ್ಪಿದ್ದು 1937ರಲ್ಲಿ. ವೆಲೋಸಿಯೊ ಸವಾರರಿಗೆ ಕೊಟ್ಟ ಏಳು ಸಲಹೆಗಳಲ್ಲಿ ಕೊನೆಯದು, ಒಣ ಪ್ರತಿಷ್ಠೆಗಾಗಿ ಎಂದೂ ತುಳಿಯಬಾರದು ಎಂಬುದು. ಪ್ರತಿ ಏರಿನಲ್ಲೂ ಯಾರು ಎಷ್ಟು ಬೇಗ ಹತ್ತಿದರೆಂದು ಮೊಬೈಲ್ ಲೆಕ್ಕ ಇಡುವ ಈ ಕಾಲಕ್ಕೆ ಅದು ಇನ್ನೂ ಬೇಕಾದ ಮಾತು. ಗಡಿಯಾರ ನೋಡುತ್ತ ಜಾಂತ್ಯೂ ದಾಟಿದವನಿಗೆ ಆ ಹುಡುಗನ ಮುಷ್ಟಿ ಕಾಣುವುದಿಲ್ಲ.

ನಿಶ್ಶಬ್ದವನ್ನು ಪ್ರೀತಿಸುವವರಲ್ಲಿ ನನಗೆ ಭಯ ಹುಟ್ಟಿಸುವ ಗುಣ ಇನ್ನೊಂದಿದೆ: ಅದನ್ನು ತಮ್ಮ ಹಕ್ಕೆಂದು ತಿಳಿಯುವುದು. ಒಲೆರೋಂ ದ್ವೀಪದಲ್ಲಿ ರಜೆಯ ಮನೆ ಹೊಂದಿದ್ದವರು ನೆರೆಮನೆಯ ಮೋರಿಸ್ ಎಂಬ ಹುಂಜ ಬೆಳಗಿನ ಜಾವ ಕೂಗುತ್ತದೆಂದು ನ್ಯಾಯಾಲಯಕ್ಕೆ ಹೋದರು. 2019ರಲ್ಲಿ ತೀರ್ಪು ಹುಂಜದ ಪರ ಬಂತು. 2021ರ ಜನವರಿಯಲ್ಲಿ, ಹಳ್ಳಿಗಾಡಿನ ಸದ್ದುಗಳನ್ನೂ ವಾಸನೆಗಳನ್ನೂ ಪರಂಪರೆಯೆಂದು ಮನ್ನಿಸುವ ಕಾನೂನನ್ನೇ ಫ್ರಾನ್ಸ್ ಮಾಡಿತು. ಹುಂಜದ ಕೂಗಿಗೆ ಕಾನೂನಿನ ಬೆಂಬಲ ಬೇಕಾಯಿತೆಂದರೆ, ಹಳ್ಳಿಗೆ ಹೋಗುವ ನಮ್ಮಂಥವರು ಏನು ಬಯಸಿ ಹೋಗುತ್ತಿದ್ದೇವೆಂದು ಯೋಚಿಸಬೇಕಾಗುತ್ತದೆ. ಜನರಿಲ್ಲದ ಹಳ್ಳಿಯನ್ನೇ?

ಮಿಲ್‌ವಾಶ್ ಮೇಲಿನ ಫೋ ಲಾ ಮೊಂತಾನ್ಯದಲ್ಲಿ 1988ರಿಂದ ಮರ ಕೊಯ್ಯುವ ಕಾರ್ಖಾನೆಯೊಂದಿದೆ. ದುಡಿಯುವವರೇ ಕೂಡಿ ನಡೆಸುವ ಆಂಬಿಯಾಂಸ್ ಬುವಾ ಅದರ ಹೆಸರು. ಎಲ್ಲರೂ ಬಿಟ್ಟುಹೋಗುತ್ತಿದ್ದ ಸೀಮೆಗೆ ಕೆಲವರು ಬದುಕು ಕಟ್ಟಿಕೊಳ್ಳಲು ಬಂದದ್ದರ ಫಲ ಅದು. ದಿಮ್ಮಿ ಹೊತ್ತ ಲಾರಿ ಎದುರಾಗುತ್ತದೆಂದು ಆ ಪ್ರಸ್ಥಭೂಮಿಯ ರಸ್ತೆಗಳನ್ನು ತಪ್ಪಿಸಿ ಸುತ್ತಿ ಹೋಗುವ ಸವಾರರಿದ್ದಾರೆ. ನಾನು ಊರಿನ ನಡುವಿನಿಂದಲೇ ಹೋಗುತ್ತೇನೆ. ರೊಟ್ಟಿ, ಚೀಸ್ ನಗರದಿಂದ ಕಟ್ಟಿಕೊಂಡು ಬರದೆ ದಾರಿಯ ಊರುಗಳಲ್ಲಿ ತೆರೆದಿರುವ ಅಂಗಡಿಯಲ್ಲೇ ಕೊಳ್ಳುತ್ತೇನೆ. ಲಾರಿ ಬಂದರೆ ಪಕ್ಕಕ್ಕೆ ಇಳಿದು ದಾರಿ ಬಿಟ್ಟು, ಓಡಿಸುವವರಿಗೆ ಕೈ ಬೀಸುತ್ತೇನೆ.